ಪ್ರಶ್ನೋತ್ತರ: ಬರೆದು ಆಡುವ ಆಟದಲ್ಲಿ ಪಾತ್ರದೊಳಗೆ ಇಳಿಯುದು ಹೇಗೆ?

ಅಡ್ಮಿನ್: ಎಲ್ರಿಗೂ ನಮಸ್ಕಾರ. ನಮ್ಮ ಗ್ರೂಪಲ್ಲಿ ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಸರದಿಯಲ್ಲಿ ಕಥೆ ಬರೆಯುವ ಟೆಕ್ಸ್ಟ್ ರೋಲ್‌ಪ್ಲೇ ಆಡುವವ್ರು ಈಗ ಸುಮಾರು ಜನ ಆಗಿದ್ದಾರೆ, ಬೇಕಲ ಕೋಟೆಯ ಕಥೆಯಂತೂ ಮಳೆಗಾಲ ಶುರು ಆದಾಗಿನಿಂದ ನಡೀತಾ ಉಂಟು. ಪಾತ್ರ ಹಿಡಿಯುದು ಹೇಗೆ ಅಂತ ದಿನಾ ಯಾರಾದ್ರೂ ಕೇಳ್ತಾರೆ, ಹಾಗಾಗಿ ಇವತ್ತು ರಾತ್ರಿ 8ರಿಂದ ಮೇಡಂ ಉತ್ತರ ಕೊಡ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್, ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಅರ್ಥ, ಅಂದ್ರೆ ಪಾತ್ರದ ಮಾತು, ಹೇಳ್ತಾರೆ, ಈ ಆಟವೂ ಆಡ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಪೆರ್ಲ ಗುಡ್ಡೆ: ನಮಸ್ತೆ ಮೇಡಂ. ಕೋಟೆ ಕಥೆಯಲ್ಲಿ ನಂದು ಕಾವಲಿನ ದೂಮ. ಏನು ಬರೆದ್ರೂ ನಾನೇ ಮಾತಾಡಿದ ಹಾಗೆ ಇರ್ತದೆ. ಮೊನ್ನೆ ಬರೆದದ್ದು ಇದು: "ದೂಮನಿಗೆ ತುಂಬ ಸಂಶಯ ಬಂತು. ಅವನ ಮನಸ್ಸಲ್ಲಿ ಹಳೇ ನೋವು ಉಂಟು, ಅವ ಯಾರನ್ನೂ ನಂಬುದಿಲ್ಲ." ಎದುರಿನವ್ರು "ಹ್ಮ್" ಅಂತ ಬರೆದು ಬಿಟ್ರು.

ಮೇಡಂ: ಅವ್ರು ಹ್ಮ್ ಅನ್ನದೆ ಎಂತ ಮಾಡ್ಬೇಕು ಹೇಳಿ, ಹಿಡ್ಕೊಳ್ಳಿಕ್ಕೆ ನೀವು ಏನೂ ಕೊಡ್ಲಿಲ್ಲ. ದೂಮನ ಬಗ್ಗೆ ವರದಿ ಉಂಟು, ದೂಮ ಏನೂ ಮಾಡ್ಲಿಲ್ಲ. ನಿಮ್ಮ ಥ್ರೆಡ್ ಓದಿದೆ, ರಾತ್ರಿ, ಸಂಜೆಯಿಂದ ಮಳೆ, ಗುರ್ತಿಲ್ಲದ ಹೆಂಗ್ಸು ಒಬ್ಳು ಬಾಗಿಲಿಗೆ ಬಂದು ಒಳಗೆ ಬಿಡು ಅಂತಾಳೆ. ಅದೇ ಜಾಗಕ್ಕೆ ಇದನ್ನು ಹಾಕಿ ನೋಡಿ:

"ದೂಮ ಸೊಂಟದಿಂದ ಬೀಗದ ಕೈ ತೆಗೆದ. ದೊಂದಿ ಸ್ವಲ್ಪ ಕೆಳಗೆ ಹಿಡಿದು ನೋಡಿದ. ಅವಳ ಸೆರಗು ಒದ್ದೆ ಆಗಿರ್ಲಿಲ್ಲ. ಬೀಗದ ಕೈಯನ್ನು ಪುನಃ ಸೊಂಟಕ್ಕೆ ಸಿಕ್ಕಿಸಿದ. 'ಎಲ್ಲಿಂದ ಬಂದದ್ದು?'"

ಸಂಶಯ ಅನ್ನುವ ಶಬ್ದ ಇಲ್ಲ, ನಂಬುದಿಲ್ಲ ಅಂತಲೂ ಇಲ್ಲ. ಆದ್ರೆ ಸೆರಗು ಯಾಕೆ ಒಣಗಿದೆ ಅಂತ ಈಗ ಎದುರಿನವ್ರು ಹೇಳ್ಲೇಬೇಕು, ಅಥವಾ ಸುಳ್ಳು ಹೇಳ್ಬೇಕು, ಆಟ ಅಲ್ಲಿಂದಲೇ ಏಳ್ತದೆ. ಭಾವನೆ ಬರಲಿ ಅಂತ ಕಾಯ್ತಾ ಕೂತ್ರೆ ಬರುದಿಲ್ಲ, ಕೈಗೆ ಒಂದು ಕೆಲಸ ಕೊಡಿ, ಭಾವನೆ ಅದ್ರ ಹಿಂದೆ ಬರ್ತದೆ. ರಷ್ಯಾದ ನಾಟಕ ನಿರ್ದೇಶಕ ಸ್ಟಾನಿಸ್ಲಾವ್ಸ್ಕಿ ಕೂಡ ಮೊದ್ಲು ನಟ ತನ್ನ ಸ್ವಂತ ನೆನಪುಗಳನ್ನು ಕೆದಕ್ಬೇಕು ಅಂತಿದ್ದವ್ರು, ಕೊನೆಕೊನೆಗೆ ದೇಹದ ಕ್ರಿಯೆಯಿಂದಲೇ ಶುರು ಮಾಡಿ ಅನ್ನುವಲ್ಲಿಗೆ ಬಂದ್ರು.

ಮತ್ತೆ ದೂಮನಿಗೆ ಎಂತ ಗೊತ್ತಿಲ್ಲ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆ ಹೆಂಗ್ಸು ಗೂಢಚಾರಿಣಿ ಅಂತ ನಿಮಗೆ ಗೊತ್ತುಂಟು, ಬೇರೆ ಚಾನೆಲಲ್ಲಿ ಓದಿದ್ದೀರಿ, ಅದು ದೂಮನಿಗೆ ಗೊತ್ತಿಲ್ಲ. ತಾಳಮದ್ದಳೆಯಲ್ಲಿ ನನಗೆ ಇದು ಅರ್ಥ ಆಗ್ಲಿಕ್ಕೆ ವರ್ಷಗಟ್ಲೆ ಬೇಕಾಯ್ತು. ವಾಲಿ ಸಾಯ್ತಾನೆ ಅಂತ ಎದುರು ಚಾಪೆಯಲ್ಲಿ ಕೂತ ಮಕ್ಕಳಿಗೂ ಗೊತ್ತು, ಪದ್ಯದಲ್ಲೇ ಉಂಟು, ನಾನು ಏನು ಅರ್ಥ ಹೇಳಿದ್ರೂ ಬಾಣ ತಾಗುದೇ. ಆದ್ರೆ ತಾರೆ ಬಾಗಿಲಲ್ಲಿ ತಡೆಯುವಾಗ ವಾಲಿಗೆ ಅದು ಗೊತ್ತಿಲ್ಲ. ಈಗ ಹೋಗಿ ಈಗ ಬರುವವನ ಹಾಗೆ ಅವ ಹೊರಡ್ಬೇಕು. ಸಾಯುವವನ ಧ್ವನಿಯಲ್ಲಿ ನಾನು ಹೊರಟ್ರೆ ತಾರೆ ಹೇಳುವವ್ರಿಗೆ ತಡೀಲಿಕ್ಕೆ ಏನೂ ಉಳಿಯುದಿಲ್ಲ.

ಐದಾರು ಸಾಲು ಬರೆದು ನಿಲ್ಲಿಸಿ. ಎದುರಿನ ಪಾತ್ರ ಏನು ಮಾಡಿತು ಅಂತ ನೀವೇ ಬರೀಬೇಡಿ.

ಪೆರ್ಲ ಗುಡ್ಡೆ: ಸೆರಗಿನದ್ದು ನಾನು ಯೋಚನೆಯೇ ಮಾಡಿರ್ಲಿಲ್ಲ. ಥ್ಯಾಂಕ್ಸ್ ಮೇಡಂ, ಇವತ್ತೇ ಹಾಕ್ತೇನೆ.

ಕಡಲ ಬದಿ ಉಪ್ಪಳ: ಮೇಡಂ ನನಗೆ ಒಂದು ಮೆಸೇಜ್ ಬಂದಿದೆ. ಎರಡು ರಾತ್ರಿ ನಿದ್ದೆ ಬಿಟ್ಟು ಮೂರನೇ ರಾತ್ರಿ 12ಕ್ಕೆ ಕನ್ನಡಿ ಎದುರು ಮೊಂಬತ್ತಿ ಇಟ್ಟು 10 ನಿಮಿಷ ಕಣ್ಣು ಪಿಳುಕಿಸದೆ ನೋಡಿದ್ರೆ ನಮ್ಮ ಪಾತ್ರದ ಮುಖವೇ ಕಾಣ್ತದೆ ಅಂತೆ, ಮತ್ತೆ ಬರವಣಿಗೆ ತನ್ನಷ್ಟಕ್ಕೆ ಬರ್ತದೆ ಅಂತೆ. ನನ್ನ ಫ್ರೆಂಡಿಗೆ ಕಂಡಿದೆ, ಸುಳ್ಳಲ್ಲ.

ಮೇಡಂ: ಮಾಡ್ಬೇಡಿ. ಫ್ರೆಂಡಿಗೆ ಕಂಡದ್ದು ಸುಳ್ಳು ಅಂತ ನಾನು ಹೇಳುದಿಲ್ಲ, ಮುಖ ಕಾಣ್ತದೆ, ಆದ್ರೆ ಅದು ಪಾತ್ರದ್ದಲ್ಲ. ಒಂದೇ ಕಡೆ ದಿಟ್ಟಿಸಿದ್ರೆ ಕಣ್ಣಂಚಿನ ಚಿತ್ರ ಮಾಸಿಹೋಗ್ತದೆ ಅಂತ ಸ್ವಿಸ್ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಬರೆದಿದ್ದಾರೆ. ಮಂದ ಬೆಳಕಲ್ಲಿ ಕನ್ನಡಿ ನೋಡಿದವ್ರಿಗೆ ಬೇರೆ ಮುಖ, ತೀರಿಹೋದವ್ರ ಮುಖ, ವಿಕಾರ ಮುಖ ಎಲ್ಲ ಕಾಣುದನ್ನು ಇಟಲಿಯ ಮನಶ್ಶಾಸ್ತ್ರಜ್ಞ ಕಪೂಟೊ 2010ರಲ್ಲಿ ಪ್ರಕಟಿಸಿದ್ದಾರೆ. ಮೆದುಳು ಖಾಲಿ ಜಾಗ ತುಂಬಿಸುದು, ಅಷ್ಟೆ. ಮೊದ್ಲೇ ಹೆದರಿಕೆ, ಸಂಕಟ ಇದ್ದವ್ರು ಇದನ್ನು ಒಬ್ಬರೇ ಮಾಡಿದ್ರೆ ಏನಾಗ್ತದೆ ಅಂತ ಈ ಮೆಸೇಜ್ ಬರೆದವ್ರು ಯೋಚಿಸಿಲ್ಲ. ನಿದ್ದೆ ಬಿಡುದು ಇನ್ನೂ ಕೆಟ್ಟದ್ದು. 24 ಗಂಟೆ ಎಚ್ಚರ ಇದ್ದವ್ರ ಗಮನ ರಕ್ತದಲ್ಲಿ 0.10 ಶೇಕಡ ಆಲ್ಕೋಹಾಲ್ ಇದ್ದವ್ರ ಹಾಗೆ ಆಗ್ತದೆ, ನಮ್ಮಲ್ಲಿ ಗಾಡಿ ಓಡಿಸ್ಲಿಕ್ಕೆ ಮಿತಿ 0.03. ಆ ಸ್ಥಿತಿಯಲ್ಲಿ ಬರೆದದ್ದು ಆಳ ಅಂತ ನಿಮಗೆ ಮಾತ್ರ ಕಾಣುದು. ಅದನ್ನು ಎಷ್ಟು ಜನಕ್ಕೆ ಕಳಿಸಿದ್ದೀರೋ ಅಷ್ಟು ಜನಕ್ಕೂ ಬೇಡ ಅಂತ ಕಳಿಸಿ.

ಮುಳ್ಳೇರಿಯ 22: ಹಾಯ್ ಮೇಡಂ, ಪಾತ್ರದೊಳಗೆ ಆಳಕ್ಕೆ ಇಳಿಯುದು ಹೇಗೆ?

ಮೇಡಂ: ದೂಮನಿಗೆ ಬರೆದ ಉತ್ತರ ಓದಿ.

ಅಡಿಕೆ ಸೋಗೆ: ದಿನಾ ಬೆಳಿಗ್ಗೆ ತಿಮರೆ (ಒಂದೆಲಗ) ರಸ ಕುಡಿದ್ರೆ ಕಲ್ಪನಾಶಕ್ತಿ ಬರ್ತದೆ ಅಂತಾರಲ್ಲ?

ಮೇಡಂ: ತಿಮರೆ ಚಟ್ನಿ ಊಟಕ್ಕೆ ಒಳ್ಳೇದು. ಪಾತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕುಂಬ್ಳೆ ಪೇಟೆ: ನನ್ನ ಪಾತ್ರ ಮಾಪಿಳ್ಳೆ ವ್ಯಾಪಾರಿ. ಅವನ ಮಾತನ್ನು ಮಲಯಾಳದಲ್ಲೇ, ಕನ್ನಡ ಅಕ್ಷರದಲ್ಲಿ ಬರೀಬಹುದಾ, ಅಥವಾ ಕನ್ನಡದಲ್ಲೇ ಬೇಕಾ?

ಹಳೇ ಟರ್ಮಿನಲ್: ಮೇಡಂ, ಎಐ ಜೊತೆ ಆಡಿ ಪ್ರಾಕ್ಟೀಸ್ ಮಾಡುದು ಹೇಗೆ? ನಾನು ಮಡ್ (ಕಂಪ್ಯೂಟರಲ್ಲಿ ಹಲವ್ರು ಸೇರಿ ಬರೆದು ಆಡುವ ಹಳೇ ಆಟ) ಕಾಲದಿಂದ ಆಡುವವ. 1978ರಲ್ಲಿ ಎಸೆಕ್ಸ್ ಯೂನಿವರ್ಸಿಟಿಯಲ್ಲಿ ಟ್ರಬ್‌ಶಾ ಶುರು ಮಾಡಿ ಬಾರ್ಟಲ್ ಮುಂದುವರಿಸಿದ್ದು. ಚಿತ್ರ ಇಲ್ಲ, ಶಬ್ದ ಇಲ್ಲ, ಬರೀ ಅಕ್ಷರ. ಇಲ್ಲಿಯವ್ರಿಗೆ ಅದ್ರ ಗಾಳಿಯೂ ಗೊತ್ತಿಲ್ಲ.

ಮೇಡಂ: ಭಾಷೆ ಪಳಗಿಸ್ಲಿಕ್ಕೆ ಆಡಿ. ಆದ್ರೆ ಎಐ ಸಾಮಾನ್ಯವಾಗಿ ನೀವು ಎಳೆದ ಕಡೆಗೇ ಬರ್ತದೆ, ನಿಮ್ಮ ಪಾತ್ರಕ್ಕೆ ಎದುರು ನಿಲ್ಲುದು ಕಡ್ಮೆ, ಎದುರು ನಿಲ್ಲುವವ್ರು ಇಲ್ಲದಿದ್ರೆ ಪಾತ್ರ ಗಟ್ಟಿ ಆಗುದಿಲ್ಲ. ಇನ್ನೊಂದು, 1966ರಲ್ಲಿ ವೈಜನ್‌ಬಾಮ್ ಎಲೈಜಾ ಅಂತ ಪ್ರೋಗ್ರಾಮ್ ಮಾಡಿದ್ರು, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುದು ಅದ್ರ ಕೆಲಸ. ಅವ್ರು ಅದನ್ನು ಕಟ್ಟುದನ್ನು ತಿಂಗಳುಗಟ್ಲೆ ನೋಡಿದ್ದ ಸ್ವಂತ ಸೆಕ್ರೆಟರಿಯೇ ಅದ್ರ ಹತ್ರ ಮಾತಾಡುವಾಗ ನೀವು ಸ್ವಲ್ಪ ಹೊರಗೆ ಹೋಗಿ ಅಂದ್ರಂತೆ. ಅಕ್ಷರದ ಆಚೆ ಒಂದು ಜೀವ ಉಂಟು ಅಂತ ನಂಬ್ಲಿಕ್ಕೆ ನಮಗೆ ಅಷ್ಟು ಸಾಕು. ಅದು ಈ ಆಟದ ಬಲ, ಅಪಾಯವೂ ಅದೇ.

ಮಧೂರು ಬಯಲು: ಕ್ಷಮಿಸಿ ಮೇಡಂ, ತಾಳಮದ್ದಳೆಯನ್ನು ಇದ್ರ ಜೊತೆ ಹೋಲಿಸಿದ್ದು ನನಗೆ ಸರಿ ಕಾಣ್ಲಿಲ್ಲ. ಅದು ಸೇವೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ನೆಲ ಇದು. ಮೊಬೈಲ್ ಆಟಕ್ಕೆ ವಾಲಿಯನ್ನು ತರುದು ಬೇಡ.

ಹಳೇ ಟರ್ಮಿನಲ್: ಹೋಲಿಕೆ ಸರಿ ಇಲ್ಲ ನಿಜ, ಬೇರೆ ಕಾರಣಕ್ಕೆ. ತಾಳಮದ್ದಳೆಯಲ್ಲಿ ವಾದ ಮಾಡಿ ಎದುರಿನವನ ಬಾಯಿ ಮುಚ್ಚಿಸುದು, ಇಲ್ಲಿ ಜೊತೆಯಾಗಿ ಕಥೆ ಕಟ್ಟುದು.

ಮಧೂರು ಬಯಲು: ಬಾಯಿ ಮುಚ್ಚಿಸುದಾ? ನೀವು ಒಂದಾದ್ರೂ ಕೂಟ ಪೂರ್ತಿ ಕೂತು ಕೇಳಿದ್ದೀರಾ? ದೊಡ್ಡ ಅರ್ಥಧಾರಿ ಶೇಣಿಯವ್ರ ವಾಲಿ ಕೇಳಿದವ್ರ ಹತ್ರ ಹೋಗಿ ಕೇಳಿ. ಮರದ ಮರೆಯಿಂದ ಯಾಕೆ ಹೊಡೆದೆ ಅಂತ ಕೇಳುವಾಗ ರಾಮನಿಗೂ ಉತ್ತರ ಕೊಡ್ಲಿಕ್ಕೆ ಜಾಗ ಬಿಟ್ಟೇ ಕೇಳುದು.

ಪೆರ್ಲ ಗುಡ್ಡೆ: ಹಾಗಾದ್ರೆ ಮೇಡಂ ಹೇಳಿದ್ದೂ ಅದನ್ನೇ ಅಲ್ವಾ? ಜಾಗ ಬಿಡಿ ಅಂತ?

ಮಧೂರು ಬಯಲು: ನೀವು ಸುಮ್ನಿರಿ.

ಹಳೇ ಟರ್ಮಿನಲ್: ಸುಮ್ನಿರಿ ಅಂತ ಹೇಳ್ಲಿಕ್ಕೆ ಗ್ರೂಪ್ ನಿಮ್ಮದಾ?

ಕುಂಬ್ಳೆ ಪೇಟೆ: ನನ್ನ ಮಲಯಾಳದ ಪ್ರಶ್ನೆ?

ಕಡಲ ಬದಿ ಉಪ್ಪಳ: ಕನ್ನಡ ಗ್ರೂಪ್ ಇದು, ಕನ್ನಡದಲ್ಲೇ ಬರೀರಿ.

ಕುಂಬ್ಳೆ ಪೇಟೆ: ಕುಂಬ್ಳೆ ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ನಾಲ್ಕು ಭಾಷೆ ಕೇಳ್ತದೆ ಮಾರಾಯ್ರೆ. ಎಲ್ರೂ ಪುಸ್ತಕದ ಕನ್ನಡ ಮಾತಾಡಿದ್ರೆ ಅದು ಯಾವ ಊರಿನ ಕೋಟೆ?

ನೀರ್ಚಾಲು ನೆರಳು: ಇದನ್ನು ಇಲ್ಲಿ ಹಾಕ್ಬೇಕೋ ಬೇಡ್ವೋ ಗೊತ್ತಿಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ 20 ವರ್ಷ, ಬೇರೆ ಸರ್ವರಲ್ಲಿ 8 ತಿಂಗಳಿಂದ ಒಂದೇ ಪಾತ್ರ ಆಡ್ತಾಳೆ, ಮಗು ಕಳ್ಕೊಂಡ ತಾಯಿಯದ್ದು. ತುಂಬ ಚೆಂದ ಬರೀತಾಳೆ, ಓದಿ ನನಗೇ ಅಳು ಬಂದದ್ದುಂಟು. ಗಂಡನ ಪಾತ್ರ ಮಾಡ್ತಿದ್ದವ್ರು 2 ವಾರದ ಹಿಂದೆ ಹೇಳದೆ ಕೇಳದೆ ಅಕೌಂಟ್ ಡಿಲೀಟ್ ಮಾಡಿ ಹೋದ್ರು. ಅವತ್ತಿಂದ ಇವಳು ಸರಿ ಊಟ ಮಾಡುದಿಲ್ಲ, ರಾತ್ರಿ 3, 4ರ ತನಕ ಆ ಖಾಲಿ ಥ್ರೆಡಲ್ಲಿ ಒಬ್ಳೇ ಬರೀತಾ ಇರ್ತಾಳೆ. ಮೊನ್ನೆ ಚಿಕ್ಕಮ್ಮ ಕರೆದಾಗ ಪಾತ್ರದ ಹೆಸ್ರು ಹೇಳಿ "ಅವಳು ಬರುದಿಲ್ಲ" ಅಂದ್ಳಂತೆ. ಕಳೆದ ವರ್ಷ ಅಜ್ಜಿ ತೀರಿಹೋದ್ರು, ಇವಳನ್ನು ಸಾಕಿದ್ದೇ ಅಜ್ಜಿ. ಮನೆಯವ್ರು ಫೋನ್ ಕಲ್ಲಿಗೆ ಹೊಡಿತೇವೆ ಅಂತಿದ್ದಾರೆ.

ಮೇಡಂ: ಹಾಕಿದ್ದು ಒಳ್ಳೇದಾಯ್ತು. ಫೋನ್ ಒಡೀಲಿಕ್ಕೆ ಬಿಡ್ಬೇಡಿ, ಅವಳ ಸಂಕಟ ಸದ್ಯಕ್ಕೆ ಇರುವ ಒಂದೇ ಜಾಗ ಅದು. ಈಗಲೇ ನೀವು ಅವಳ ಹತ್ರ ಕೂತು ಎರಡು ವಿಷಯ ಕೇಳ್ಬೇಕು. ಒಂದು, ಅದು ಪಾತ್ರ, ತಾನು ಬೇರೆ ಅಂತ ಅವಳಿಗೆ ಗೊತ್ತುಂಟಾ. ಇನ್ನೊಂದು, ಸಾಯ್ಬೇಕು ಅಂತ ಕಾಣ್ತದಾ ಅಂತ ನೇರ ಕೇಳಿ, ಸುತ್ತಿ ಬಳಸಿ ಬೇಡ. ಕೇಳಿದ್ರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅಂತ ಹೆದರುವವ್ರು ಉಂಟು, ಹಾಗೆ ಆಗುದಿಲ್ಲ, ಕೇಳಿದ್ರೆ ಉಸಿರು ಬಿಟ್ಟ ಹಾಗೆ ಆಗ್ತದೆ ಹೆಚ್ಚಿನವ್ರಿಗೆ. ಪಾತ್ರ ಯಾವುದು ತಾನು ಯಾವುದು ಅಂತ ಗೊಂದಲ ಇದ್ರೆ, ಅಥವಾ ಸಾಯುವ ಮಾತು ಬಂದ್ರೆ, ಒಬ್ಳನ್ನೇ ಬಿಡ್ಬೇಡಿ, ರಾತ್ರಿ ಆದ್ರೂ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಂಟು, ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡ್ತಾರೆ.

ಅವಳು ಪಾತ್ರದೊಳಗೆ ಹೋದದ್ದು ತಪ್ಪಲ್ಲ. ಆಟದ ಭಾವನೆ ಆಡುವವ್ರಿಗೆ ಸೋರುದು, ಆಡುವವ್ರದ್ದು ಆಟಕ್ಕೆ ಸೋರುದು, ಇದಕ್ಕೆ ಆಟಗಾರರು ಬ್ಲೀಡ್ ಅಂತಾರೆ, ಒಳ್ಳೆ ಬರವಣಿಗೆ ಬರುದೂ ಅಲ್ಲಿಂದಲೇ. ಅಜ್ಜಿಗಾಗಿ ಅಳ್ಲಿಕ್ಕೆ ಅವಳಿಗೆ ಮನೆಯಲ್ಲಿ ಜಾಗ ಸಿಕ್ಕಿತಾ ಇಲ್ವಾ ನನಗೆ ಗೊತ್ತಿಲ್ಲ, ಆ ತಾಯಿಯ ಪಾತ್ರದಲ್ಲಿ ಸಿಕ್ಕಿದ ಹಾಗೆ ಕಾಣ್ತದೆ. ಈಗ ಜೊತೆಯವ್ರು ಕಥೆ ಮುಗಿಸದೆ ಹೋದ್ರು, ಎರಡು ದುಃಖವೂ ಒಟ್ಟಿಗೆ ಬಾಗಿಲು ಇಲ್ಲದೆ ಉಳಿದವು.

ಬಯಲಾಟ ಮುಗಿದ ಮೇಲೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ನೋಡಿದ್ದೀರಲ್ಲ. ಮಂಗಳ ಹಾಡ್ತಾರೆ, ಕಿರೀಟ ಇಳಿಸ್ತಾರೆ, ತೆಂಗಿನೆಣ್ಣೆ ಹಚ್ಚಿ ಬಣ್ಣ ಉಜ್ಜಿ ತೆಗೀತಾರೆ, ಅಷ್ಟು ಹೊತ್ತು ರಾವಣ ಆಗಿದ್ದವ್ರು ಬೆಳಗಾಗುವಾಗ ಚಾ ಕುಡೀತಾ ಬಸ್ಸಿನ ಟೈಮ್ ಕೇಳ್ತಾರೆ. ಬರೆದು ಆಡುವ ಆಟದಲ್ಲಿ ತೆಗೀಲಿಕ್ಕೆ ಬಣ್ಣವೇ ಇಲ್ಲ, ಪಾತ್ರ ಫೋನೊಳಗೆ ತಲೆದಿಂಬಿನ ಹತ್ರ ಮಲಗಿರ್ತದೆ. ಹಾಗಾಗಿ ಇಳಿಸುದನ್ನು ನಾವೇ ಮಾಡ್ಬೇಕು. ನಾನು ದಿನಾ ಆಟ ಮುಗಿಸುವಾಗ ಓಓಸಿ ಅಂತ ಹಾಕಿ, ಪಾತ್ರದ ಹೊರಗೆ ನಿಂತು, ನನ್ನ ಹೆಸ್ರಲ್ಲಿ ಒಂದು ಸಾಲು ಬರೀತೇನೆ, ಇವತ್ತಿಗೆ ನಿಲ್ಲಿಸಿದೆ ಅಂತ, ಮುಖ ತೊಳೀತೇನೆ, ಫೋನ್ ಬೇರೆ ಕೋಣೆಯಲ್ಲಿ ಇಡ್ತೇನೆ. ಅವಳಿಗೆ ಈಗ ಇದಿಷ್ಟೇ ಸಾಲದು, ಇದೇ ವಾರ ಸೈಕಿಯಾಟ್ರಿಸ್ಟ್ ನೋಡ್ಬೇಕು, ಮೊದ್ಲು ನಿದ್ದೆ ಸರಿ ಆಗ್ಬೇಕು. ಕಥೆಗೆ ಕೊನೆ ಬರೆಯುದು ಆಮೇಲೆ, ಯಾರಾದ್ರೂ ಜೊತೆಗೆ ಕೂತು.

ಅಡಿಕೆ ಸೋಗೆ: ಇದು ಮೈಮೇಲೆ ಬಂದದ್ದೇ. ನಮ್ಮ ಕಡೆ ಒಬ್ರು ನೂಲು ಕಟ್ತಾರೆ, ಒಂದು ವಾರ ಉಪವಾಸ ಮಾಡಿಸಿದ್ರೆ ಆಟವೇ ಬಿಟ್ಟುಹೋಗ್ತದೆ.

ಮೇಡಂ: ಊಟ ಬಿಟ್ಟ ಹುಡುಗಿಗೆ ಉಪವಾಸ ಹೇಳ್ತೀರಾ? ನೂಲು ಕಟ್ಟುದು ಮನೆಯವ್ರ ನಂಬಿಕೆ, ಅದಕ್ಕೆ ನನ್ನ ಅಡ್ಡಿ ಇಲ್ಲ, ಆದ್ರೆ ಅದಕ್ಕಾಗಿ ಡಾಕ್ಟ್ರನ್ನು ನೋಡುದು ಒಂದು ದಿನವೂ ಮುಂದೆ ಹೋಗ್ಬಾರ್ದು. ಇಂಥದ್ದನ್ನು ಇನ್ನು ಇಲ್ಲಿ ಹಾಕ್ಬೇಡಿ.

ಮುಳ್ಳೇರಿಯ 22: ನಮಗೆ ಒಂದು ಸಾಲು, ಅವ್ರಿಗೆ ಇಡೀ ಪುರಾಣ.

ಮೇಡಂ: ಹೌದು. ಅಲ್ಲಿ ಒಬ್ಳು ಎರಡು ವಾರದಿಂದ ಸರಿ ನಿದ್ದೆ ಮಾಡ್ಲಿಲ್ಲ.

ಮಧೂರು ಬಯಲು: ಇದಕ್ಕೇ ನಾನು ಹೇಳಿದ್ದು, ಈ ಮೊಬೈಲ್ ಆಟವೇ ಬೇಡ ಅಂತ.

ಹಳೇ ಟರ್ಮಿನಲ್: ಹೇಳದೆ ಬಿಟ್ಟು ಹೋದವನ ತಪ್ಪು ಅದು, ಆಟದ್ದಲ್ಲ. ಎದ್ದು ಹೋಗುವ ಮೊದ್ಲು ಹೇಳ್ಬೇಕು ಅನ್ನುದು ಮಡ್ ಕಾಲದಿಂದ ಇರುವ ಮರ್ಯಾದೆ.

ಮಧೂರು ಬಯಲು: ನಿಮ್ಮ ಮಡ್ ತಕೊಂಡು ಹೋಗಿ.

ಅಡ್ಮಿನ್: ಇಬ್ರೂ ನಿಲ್ಲಿಸಿ. ಇನ್ನೊಂದು ಮೆಸೇಜ್ ಬಂದ್ರೆ ಮ್ಯೂಟ್ ಮಾಡ್ತೇನೆ.

ಕುಂಬ್ಳೆ ಪೇಟೆ: ಮಲಯಾಳ?

ನೀರ್ಚಾಲು ನೆರಳು: ಮೇಡಂ, ಈಗ ಅವಳ ಮನೆಗೆ ಬಂದು ಮಾತಾಡಿದೆ. "ನನಗೆ ಗೊತ್ತುಂಟು ಅದು ಪಾತ್ರ ಅಂತ, ಆದ್ರೆ ಅವಳನ್ನು ಅಲ್ಲಿ ಒಬ್ಳೇ ಬಿಟ್ಟು ಬರ್ಲಿಕ್ಕೆ ಮನಸ್ಸಾಗುದಿಲ್ಲ" ಅಂದ್ಳು. ಸಾಯುವ ಯೋಚನೆ ಇಲ್ಲ ಅಂತೆ, ನಿದ್ದೆ ಬಂದ್ರೆ ಸಾಕು ಅಂತಾಳೆ. ಮತ್ತೆ ತುಂಬ ಹೊತ್ತು ಅತ್ತಳು, ಅಜ್ಜಿಯ ಹೆಸ್ರು ಹೇಳಿ. ಥ್ರೆಡಲ್ಲಿ ಅವಳದ್ದೇ ಹೆಸ್ರಲ್ಲಿ "ಎರಡು ವಾರ ನಾನು ಬರುದಿಲ್ಲ" ಅಂತ ಬರೆದು ಫೋನ್ ನನ್ನ ಕೈಗೆ ಕೊಟ್ಟಿದ್ದಾಳೆ.

ಮೇಡಂ: ಒಬ್ಳೇ ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅಂದದ್ದನ್ನು ನಾಳೆ ಡಾಕ್ಟ್ರಿಗೆ ಅದೇ ಶಬ್ದದಲ್ಲಿ ಹೇಳ್ಲಿ. ಈಗ ಗಂಜಿ ಕೊಡಿ, ನೀವು ಇವತ್ತು ಅಲ್ಲೇ ಉಳೀರಿ, ಅಜ್ಜಿಯ ಬಗ್ಗೆ ಅವಳು ಮಾತಾಡಿದ್ರೆ ಕೇಳಿ, ನಿಲ್ಲಿಸ್ಬೇಡಿ. ಬೆಳಿಗ್ಗೆ ಎದ್ದ ಕೂಡ್ಲೆ ಎಷ್ಟು ಗಂಟೆ ಮಲಗಿದ್ಳು ಅಂತ ನನಗೆ ಮೆಸೇಜ್ ಮಾಡಿ.

ಕಡಲ ಬದಿ ಉಪ್ಪಳ: ಮೇಡಂ, ಕನ್ನಡಿಯದ್ದು ಬೇಡ ಅಂತ ಎಲ್ರಿಗೂ ಕಳಿಸಿದೆ. 11 ಜನ.