‘ಹಡಗು ಒಂದು ಗಂಟೆ ಕಾಯುತ್ತೆ’: ನಮ್ಮನೆ ಗುಂಪಿನ ಚರ್ಚೆ

ರಮೇಶ್ ಚಿಕ್ಕಪ್ಪ (ಫಾರ್ವರ್ಡ್)
🚢 ಕ್ರೂಸ್ ಹೋಗುವವರು ತಪ್ಪದೇ ಓದಿ 🚢 ರೋಮ್ ಬಂದರಿನಲ್ಲಿ ಇಳಿದ ಕೂಡಲೇ ಟ್ಯಾಕ್ಸಿ ಹಿಡಿದರೆ ಅರ್ಧ ಗಂಟೆಯಲ್ಲಿ ಕೊಲೋಸಿಯಂ! ಹಡಗಿನವರ ಟೂರ್‌ಗೆ ದುಡ್ಡು ಸುರಿಯಬೇಡಿ. ತಡವಾದರೂ ಭಯ ಬೇಡ, ಹಡಗು ಒಂದು ಗಂಟೆ ಕಾದೇ ಕಾಯುತ್ತದೆ. ವೆನಿಸ್‌ನಲ್ಲಿ ಡೆಕ್ ಮೇಲಿಂದಲೇ ಸೇಂಟ್ ಮಾರ್ಕ್ ಚೌಕ ನೋಡಬಹುದು. ಕಾಫಿಗೆ ಚಿಕ್ಕ ಕೆಟಲ್, ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಮರೆಯಬೇಡಿ. ಎಲ್ಲರಿಗೂ ಕಳಿಸಿ 🙏

ರಮೇಶ್ ಚಿಕ್ಕಪ್ಪ
ನಮ್ಮ ಹಡಗು ಅಕ್ಟೋಬರ್ 14ಕ್ಕೆ ರೋಮ್‌ನಲ್ಲಿ ನಿಲ್ಲುತ್ತೆ. ಬೆಳಗ್ಗೆ 7ರಿಂದ ಸಂಜೆ 7. ಹನ್ನೆರಡು ಗಂಟೆ ಕೈಲಿದೆ, ಟೂರ್ ಬೇಡ ಅಂದ್ಕೊಂಡಿದೀನಿ.

ಪ್ರಶಾಂತ್ ಅಣ್ಣ
ಚಿಕ್ಕಪ್ಪ, ಇದನ್ನ ದಯವಿಟ್ಟು ಬೇರೆ ಯಾರಿಗೂ ಕಳಿಸಬೇಡಿ. ಮೊದಲನೇದಾಗಿ ಹಡಗು ರೋಮ್‌ನಲ್ಲಿ ನಿಲ್ಲಲ್ಲ. ನಿಲ್ಲೋದು ಚಿವಿತಾವೆಕ್ಯದಲ್ಲಿ, ರೋಮ್‌ನಿಂದ ರಸ್ತೆಲಿ ಸುಮಾರು 80 ಕಿ.ಮೀ. ದೂರ. ರಸ್ತೆ ಖಾಲಿ ಇದ್ರೂ ಒಂದೂಕಾಲು ಗಂಟೆ. ಬ್ರೋಷರ್‌ನಲ್ಲಿ ‘ಫ್ಲಾರೆನ್ಸ್’ ಅಂದ್ರೆ ಲಿವೋರ್ನೊ, ‘ಪ್ಯಾರಿಸ್’ ಅಂದ್ರೆ ಲ ಹಾವ್ರ್. ಬಂದರಿನ ಹೆಸರನ್ನೇ ಮ್ಯಾಪ್‌ನಲ್ಲಿ ಹುಡುಕಬೇಕು.

ಪ್ರಶಾಂತ್ ಅಣ್ಣ
ವೆನಿಸ್ ಮಾತೂ ಹಳೇದು. 25,000 ಗ್ರಾಸ್ ಟನ್ (ಹಡಗಿನ ಗಾತ್ರದ ಅಳತೆ) ಮೀರಿದ ಹಡಗುಗಳನ್ನ 2021ರ ಆಗಸ್ಟ್ 1ರಿಂದ ಆ ಚೌಕದ ಮುಂದೆ ಬಿಡ್ತಿಲ್ಲ. ದೊಡ್ಡ ಹಡಗುಗಳು ವೆನಿಸ್‌ನ ಕೈಗಾರಿಕಾ ಬಂದರು ಮಾರ್ಗೆರಾ ಕಡೆಗೋ ಬೇರೆ ಊರಿನ ಬಂದರಿಗೋ ಹೋಗ್ತವೆ.

ವಿನಯ್
ಅಣ್ಣ, ಟ್ಯಾಕ್ಸಿ ವಿಷಯ ಒಪ್ತೀನಿ. ಆದ್ರೆ ಟೂರ್ ಬೇಡ ಅನ್ನೋದು ಸರಿಯಾಗೇ ಇದೆ. ರೈಲು ಇದೆಯಲ್ಲ. ಹಡಗಿನ ಬುಡದಿಂದ ಬಂದರಿನ ಶಟಲ್ ಬಸ್ ಲಾರ್ಗೊ ದೆಲ್ಲ ಪಾಚೆ ಅನ್ನೋ ಜಾಗಕ್ಕೆ ಬಿಡುತ್ತೆ. ಅಲ್ಲಿಂದ ಸ್ಟೇಷನ್‌ಗೆ ಟೌನ್ ಬಸ್, ಇಲ್ಲಾಂದ್ರೆ 20–25 ನಿಮಿಷ ನಡಿಗೆ. ರೀಜನಲ್ ರೈಲಿನಲ್ಲಿ ರೋಮಾ ಸಾನ್ ಪಿಯೆತ್ರೊಗೆ ಹೆಚ್ಚುಕಡಿಮೆ 50 ನಿಮಿಷ, ಅಲ್ಲಿಂದ ವ್ಯಾಟಿಕನ್‌ಗೆ ನಡೆದರೆ ಕಾಲು ಗಂಟೆ. ಟೂರ್ ಬಸ್‌ನವರು ಬೆಳಗ್ಗೆ ಹಡಗಿನ ಥಿಯೇಟರ್‌ನಲ್ಲಿ ಗುಂಪಿನ ಸ್ಟಿಕ್ಕರ್ ಅಂಟಿಸ್ಕೊಂಡು ಕಾಯ್ತಿರೋ ಹೊತ್ತಿಗೆ ರೈಲಿನವರು ಅರ್ಧ ದಾರಿ ಹೋಗಿರ್ತಾರೆ.

ಸುಮತ್ತೆ
ವಿನಿ, ನೀನು ಹೇಳ್ತಿರೋದು ಮೂವತ್ತರ ವಯಸ್ಸಿನ ಲೆಕ್ಕ. ಗೀತಾಗೆ ಮಂಡಿ ನೋವು. ರೋಮ್ ಹಳೇ ಊರಿನ ರಸ್ತೆಗೆಲ್ಲ ಕರೀ ಚಚ್ಚೌಕ ಕಲ್ಲು ಹಾಸಿರ್ತಾರೆ, ಮಧ್ಯೆ ಸಂದು. ತೆಳು ಚಪ್ಪಲಿಲಿ ಎರಡು ಗಂಟೆ ನಡೆದ್ರೆ ಪಾದ ಸೋತುಹೋಗುತ್ತೆ.

ಗೀತಾ ಚಿಕ್ಕಮ್ಮ
ನಡೀತೀನಿ ಸುಮಕ್ಕ, ದಪ್ಪ ಸೋಲ್ ಇರೋ ಶೂ ತಗೊಂಡಿದೀನಿ. ನಂಗೆ ಭಯ ಇರೋದು ಹಡಗು ಬಿಟ್ಟುಹೋದ್ರೆ ಅಂತ. ನಿಜವಾಗ್ಲೂ ಕಾಯಲ್ವಾ ಪ್ರಶಾಂತಾ?

ಪ್ರಶಾಂತ್ ಅಣ್ಣ
ಕಾಯಲ್ಲ ಚಿಕ್ಕಮ್ಮ. 7ಕ್ಕೆ ಹೊರಡೋ ಹಡಗಿಗೆ ‘ಎಲ್ಲರೂ ಒಳಗೆ’ ಅನ್ನೋ ಸಮಯ 6:30, ಕೆಲವು ಹಡಗಿನಲ್ಲಿ 6. ನೀವು ನೆನಪಿಡಬೇಕಾದ ಸಮಯ ಅದು, 7 ಅಲ್ಲ. ಗ್ಯಾಂಗ್‌ವೇಲಿ, ಅಂದ್ರೆ ಹಡಗು ಹತ್ತಿ ಇಳಿಯೋ ಸೇತುವೇಲಿ, ಕಾರ್ಡ್ ಸ್ಕ್ಯಾನ್ ಮಾಡೋದ್ರಿಂದ ಯಾರು ಬಂದಿಲ್ಲ ಅಂತ ಸಿಸ್ಟಮ್‌ನಲ್ಲೇ ಕಾಣುತ್ತೆ. ಮೈಕ್‌ನಲ್ಲಿ ಹೆಸರು ಕೂಗ್ತಾರೆ. ಆಮೇಲೆ ನಿಮ್ಮ ಪಾಸ್‌ಪೋರ್ಟ್ ತೆಗೆದು ಬಂದರಿನ ಏಜೆಂಟ್ ಕೈಗೆ ಕೊಟ್ಟು ಗ್ಯಾಂಗ್‌ವೇ ಎತ್ತುತ್ತಾರೆ.

ರಮೇಶ್ ಚಿಕ್ಕಪ್ಪ
ಸಾವಿರಾರು ರೂಪಾಯಿ ಕೊಟ್ಟಿರೋರಿಗೆ ಹದಿನೈದು ನಿಮಿಷ ಕಾಯೋಕ್ಕಾಗಲ್ವೇನಪ್ಪ?

ಪ್ರಶಾಂತ್ ಅಣ್ಣ
ಲೆಕ್ಕ ಹೇಳ್ತೀನಿ ಚಿಕ್ಕಪ್ಪ. ನಿಮ್ಮ ಮುಂದಿನ ಬಂದರು ಪಲೆರ್ಮೊ, ಸುಮಾರು 250 ನಾಟಿಕಲ್ ಮೈಲಿ. ಸಂಜೆ 7ಕ್ಕೆ ಬಿಟ್ಟು ಬೆಳಗ್ಗೆ 8ಕ್ಕೆ ಸೇರೋಕೆ 13 ಗಂಟೆ, ಅಂದ್ರೆ ಸರಾಸರಿ 19 ನಾಟ್ (ಗಂಟೆಗೆ 19 ನಾಟಿಕಲ್ ಮೈಲಿ) ಚಿಲ್ಲರೆ. ಒಂದು ಗಂಟೆ ಕಾದ್ರೆ 12 ಗಂಟೆಲಿ ಮುಗಿಸಬೇಕು, ಹತ್ತಿರ ಹತ್ತಿರ 21 ನಾಟ್. ಎಂಜಿನ್ ಕೊಡಬೇಕಾದ ಶಕ್ತಿ ವೇಗದ ಘನಕ್ಕೆ ಏರುತ್ತೆ. 13ನ್ನ 12ರಿಂದ ಭಾಗಿಸಿ, ಬಂದಿದ್ದನ್ನ ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ ನೋಡಿ, ಶೇ. 27 ಜಾಸ್ತಿ. ಇದರ ಜೊತೆಗೆ ಬಂದರಿನಲ್ಲಿ ದಾರಿ ತೋರಿಸೋ ಪೈಲಟ್, ಹಡಗು ಎಳೆಯೋ ಟಗ್ ದೋಣಿ ಎಲ್ಲಾ ಗಂಟೆ ಹೇಳಿ ಗೊತ್ತುಮಾಡಿರ್ತಾರೆ. ಇಬ್ಬರಿಗೋಸ್ಕರ ಮೂರು ಸಾವಿರ ಜನರ ನಾಳೆಯ ದಿನ ಕೆಡಿಸಕ್ಕಾಗಲ್ಲ.

ಪ್ರಶಾಂತ್ ಅಣ್ಣ
ಹಡಗಿನವರೇ ಮಾರಿದ ಟೂರ್ ಬಸ್ ತಡವಾದ್ರೆ ಮಾತ್ರ ಬೇರೆ. ಕಾಯ್ತಾರೆ, ಇಲ್ಲಾ ಅವರದೇ ಖರ್ಚಲ್ಲಿ ಮುಂದಿನ ಬಂದರಿಗೆ ತಲುಪಿಸ್ತಾರೆ. ಟೂರ್ ದುಡ್ಡಿನಲ್ಲಿ ಅರ್ಧ ಇದಕ್ಕೇ ಅಂತ ತಿಳ್ಕೊಳಿ.

ವಿನಯ್
ಹೆದರಿಸ್ತಿದೀಯ ಅಣ್ಣ. ಹಿಂದಿನಿಂದ ಲೆಕ್ಕ ಹಾಕಿದ್ರೆ ತಪ್ಪೋ ಪ್ರಶ್ನೆನೇ ಇಲ್ಲ. 6:30ಕ್ಕೆ ಒಳಗಿರಬೇಕು. ಒಂದೂವರೆ ಗಂಟೆ ಹೆಚ್ಚುವರಿ ಇಟ್ಕೊಂಡು ಐದು ಗಂಟೆಗೆ ಗ್ಯಾಂಗ್‌ವೇ ಹತ್ತಿರ. ಸ್ಟೇಷನ್‌ನಿಂದ ಹಡಗಿಗೆ 40 ನಿಮಿಷ ಇಟ್ಕೊಂಡ್ರೆ 4:20ಕ್ಕೆ ಚಿವಿತಾವೆಕ್ಯ. ಅಲ್ಲಿಗೆ 3:30ರ ಸುಮಾರಿನ ರೈಲು. ಅದು ರದ್ದಾದ್ರೆ ಅದರ ಮುಂದಿನ ರೈಲಲ್ಲೂ ತಲುಪಬಹುದು. ಹಿಡೀಬೇಕಾದ್ದು ಯಾವಾಗ್ಲೂ ಕೊನೇ ರೈಲಲ್ಲ, ಅದರ ಹಿಂದಿನದು. ಪೇಪರ್ ಟಿಕೆಟ್ ಆದ್ರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸ್ಕೋಬೇಕು. ಮರೆತ್ರೆ ಟಿಕೆಟ್ ಇದ್ರೂ ದಂಡ.

ಸುಮತ್ತೆ
ಮುಷ್ಕರ ಇದ್ರೆ?

ವಿನಯ್
ಇಟಲಿಲಿ ಮುಷ್ಕರದ ದಿನವೂ ಕೆಲವು ರೈಲು ಓಡಿಸಲೇಬೇಕು ಅನ್ನೋ ಕಾನೂನಿದೆ ಅತ್ತೆ.

ಸುಮತ್ತೆ
ಯಾವ ಹೊತ್ತಲ್ಲಿ ಅಂತಾನೂ ಹೇಳು. ಕೆಲಸದ ದಿನ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9. ಹೋಗುವಾಗ ರೈಲು ಸಿಗುತ್ತೆ, ನಿನ್ನ 3:30ಕ್ಕೆ ಸಿಗೋ ಖಾತ್ರಿ ಇಲ್ಲ. ಸಂಜೆ 6ರದ್ದು ಹಿಡಿದ್ರೆ ಇವರು ಬಂದರು ಮುಟ್ಟೋ ಹೊತ್ತಿಗೆ ಹಡಗು ಹೊರಟಿರುತ್ತೆ. ಹೋಗೋಕೆ ಸಿಕ್ಕಿ ಬರೋಕೆ ಸಿಗದ ರೈಲು, ಅದೇ ಅಪಾಯ.

ವಿನಯ್
ಸರಿ, ಇದು ನಾನು ಮೊದಲೇ ಹೇಳಬೇಕಿತ್ತು. ಆದ್ರೆ ಮುಷ್ಕರವನ್ನ ಕನಿಷ್ಠ 10 ದಿನ ಮುಂಚೆ ಘೋಷಿಸ್ತಾರೆ, ಸಾರಿಗೆ ಸಚಿವಾಲಯದ ಸೈಟ್‌ನಲ್ಲಿ ಪಟ್ಟಿ ಇರುತ್ತೆ. ಹೊರಡೋ ವಾರ ನೋಡಿದ್ರೆ ಗೊತ್ತಾಗುತ್ತೆ.

ಪ್ರಶಾಂತ್ ಅಣ್ಣ
ಮಧ್ಯದ ದಾರಿ ಒಂದಿದೆ. ತುಂಬಾ ಹಡಗಿನವರು ಬರೀ ಬಸ್ ಮಾತ್ರ ಮಾರ್ತಾರೆ. ಗೈಡ್ ಇಲ್ಲ, ಗುಂಪಿಲ್ಲ. ರೋಮ್‌ನಲ್ಲಿ ಬಿಟ್ಟು, ಹೇಳಿದ ಹೊತ್ತಿಗೆ ಅದೇ ಜಾಗದಿಂದ ವಾಪಸ್ ಕರ್ಕೊಂಡು ಬರ್ತಾರೆ. ಪೂರ್ತಿ ಟೂರ್‌ಗಿಂತ ಅಗ್ಗ. ಬಸ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡ್ರೂ ಹಡಗಿನ ಜವಾಬ್ದಾರಿ.

ಗೀತಾ ಚಿಕ್ಕಮ್ಮ
ಇದು ನಂಗೆ ಹಿಡಿಸ್ತು.

ವಿನಯ್
ಆ ಬಸ್ ಬಿಡೋ ಜಾಗ, ವಾಪಸ್ ಹತ್ತಿಸ್ಕೊಳ್ಳೋ ಸಮಯ, ಎರಡೂ ಕೇಳಿ ಆಮೇಲೆ ಟಿಕೆಟ್ ತಗೊಳಿ ಚಿಕ್ಕಮ್ಮ. ರೋಮ್‌ನಲ್ಲಿ ಕೈಗೆ ಸಿಗೋದು ಐದು ಐದೂವರೆ ಗಂಟೆ ಇರಬಹುದು. ರೈಲಲ್ಲಿ ಒಂದು ಗಂಟೆ ಹೆಚ್ಚು ಸಿಗುತ್ತೆ. ಆ ಒಂದು ಗಂಟೆಗೋಸ್ಕರವೇ ನಾನು ಇಷ್ಟು ವಾದ ಮಾಡ್ತಿರೋದು.

ರಮೇಶ್ ಚಿಕ್ಕಪ್ಪ
ಫಾರ್ವರ್ಡ್‌ನಲ್ಲಿದ್ದ ಕೆಟಲ್, ಎಕ್ಸ್‌ಟೆನ್ಶನ್ ಬೋರ್ಡ್ ಆದ್ರೂ ಒಯ್ಯಬಹುದಾ? ಬೆಳಗ್ಗೆ ಕಾಫಿ ಆಗ್ಲೇಬೇಕು.

ಪ್ರಶಾಂತ್ ಅಣ್ಣ
ಕೆಟಲ್, ನೀರು ಕಾಯಿಸೋ ಕಾಯಿಲ್, ಇಸ್ತ್ರಿಪೆಟ್ಟಿ, ರೈಸ್ ಕುಕ್ಕರ್ ಎಲ್ಲಾ ಎಕ್ಸ್‌ರೇಲೇ ಹಿಡಿದು ಇಟ್ಕೊಂಡು ಕೊನೇ ದಿನ ವಾಪಸ್ ಕೊಡ್ತಾರೆ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ. ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏರಿದ್ರೆ ತಡೆಯೋ ಭಾಗ) ಇರೋ ಎಕ್ಸ್‌ಟೆನ್ಶನ್ ಬೋರ್ಡ್ ಇನ್ನೂ ಅಪಾಯ. ಹಡಗಿನ ವೈರಿಂಗ್‌ನಲ್ಲಿ ಮನೆ ತರ ನ್ಯೂಟ್ರಲ್ ಇರಲ್ಲ, ಎರಡೂ ತಂತಿಲಿ ಕರೆಂಟ್ ಇರುತ್ತೆ. ಬೋರ್ಡ್ ಒಂದು ತಂತಿ ಮಾತ್ರ ಕಡಿದು ಇನ್ನೊಂದರಲ್ಲಿ ಹರೀತಾನೇ ಇದ್ರೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಫಿಲ್ಟರ್ ಡಿಕಾಕ್ಷನ್ ಆಸೆ ಬಿಡಿ. ಇನ್‌ಸ್ಟಂಟ್ ಪುಡಿ ಒಯ್ಯಿರಿ, ಬಫೆ ಇರೋ ಡೆಕ್‌ನಲ್ಲಿ ಬಿಸಿನೀರು ಯಾವಾಗ್ಲೂ ಸಿಗುತ್ತೆ.

ಗೀತಾ ಚಿಕ್ಕಮ್ಮ
ಮೊದಲ ದಿನ ಏನೋ ಡ್ರಿಲ್ ಅಂತಾರಂತೆ, ಹೋಗ್ಲೇಬೇಕಾ?

ಪ್ರಶಾಂತ್ ಅಣ್ಣ
ಹೋಗ್ಲೇಬೇಕು. ಅಪಾಯ ಬಂದ್ರೆ ಎಲ್ಲಿ ಸೇರಬೇಕು ಅಂತ ಕಲಿಸೋ ಅಭ್ಯಾಸ ಅದು. 2012ರ ಜನವರಿ 13ರಂದು ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಹೊರಟಿದ್ದು ಇದೇ ಚಿವಿತಾವೆಕ್ಯದಿಂದ. ಅದೇ ರಾತ್ರಿ ಜಿಲ್ಯೊ ದ್ವೀಪದ ಹತ್ತಿರ ಬಂಡೆಗೆ ಬಡಿದು 32 ಜನ ಹೋದ್ರು. ಆ ಸಂಜೆ ಹತ್ತಿದ ನೂರಾರು ಜನಕ್ಕೆ ಡ್ರಿಲ್ ಆಗಿರಲಿಲ್ಲ, 24 ಗಂಟೆ ಒಳಗೆ ಮಾಡಿದ್ರೆ ಸಾಕು ಅಂತ ಆಗಿನ ನಿಯಮ. 2015ರಿಂದ ಹಡಗು ಹೊರಡೋ ಮುಂಚೆ ಅಥವಾ ಹೊರಟ ತಕ್ಷಣ ಮಾಡಲೇಬೇಕು. ಅಪಾಯದ ಸೂಚನೆಯಾದ ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದ್ರೆ ಎಲ್ಲಿಗೆ ಹೋಗ್ಬೇಕು ಅಂತ ಕಾರ್ಡ್ ಮೇಲೆ ಬರೆದಿರುತ್ತೆ. ಕ್ಯಾಬಿನ್‌ನಿಂದ ಅಲ್ಲಿಗೆ ಒಂದು ಸಲ ಮೆಟ್ಟಿಲಲ್ಲೇ ನಡೆದು ನೋಡಿ, ಲಿಫ್ಟ್ ಬೇಡ.

ಸುಮತ್ತೆ
ರಮೇಶ, ವೀಸಾ ಎಲ್ಲಿಗೆ ಬಂತು? ಬಾರ್ಸಿಲೋನಾ, ಮಾರ್ಸೇ, ಜಿನೋವಾ, ಚಿವಿತಾವೆಕ್ಯ, ಪಲೆರ್ಮೊ. ಹೆಚ್ಚು ದಿನ ಯಾವ ದೇಶವೋ ಅಲ್ಲೇ ಅರ್ಜಿ, ಸಮ ಆದ್ರೆ ಮೊದಲು ಕಾಲಿಡೋ ದೇಶ. ಎಲ್ಲಾ ಷೆಂಗನ್ (ಒಂದೇ ವೀಸಾ ಸಾಕಾಗೋ ಯುರೋಪ್ ದೇಶಗಳ ಗುಂಪು) ಒಳಗೇ ಇದ್ರೂ ಮಲ್ಟಿಪಲ್ ಎಂಟ್ರಿನೇ ಕೇಳು. ಗಾಳಿ ಜೋರಾಗಿ ಪಲೆರ್ಮೊ ಬಿಟ್ಟು ಷೆಂಗನ್ ಹೊರಗಿನ ಟ್ಯುನಿಸ್‌ಗೆ ಹೋದ್ರೆ ಒಂದೇ ಎಂಟ್ರಿ ಇರೋರು ಸಿಕ್ಕಿಬೀಳ್ತಾರೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೊ.

ರಮೇಶ್ ಚಿಕ್ಕಪ್ಪ
ಆಯ್ತು ಸುಮಕ್ಕ, ಈ ವಾರ ಮಾಡಿಸ್ತೀನಿ. ಈಗ ವ್ಯಾಟಿಕನ್‌ಗೆ ಬೆಳಗ್ಗೆನೇ ಹೋಗಿ, ಊಟ ಆದ್ಮೇಲೆ ಕೊಲೋಸಿಯಂ. ಸರೀನಾ?

ವಿನಯ್
14 ಯಾವ ವಾರ?

ಗೀತಾ ಚಿಕ್ಕಮ್ಮ
ಬುಧವಾರ.

ವಿನಯ್
ಹಾಗಾದ್ರೆ ಉಲ್ಟಾ ಮಾಡಬೇಕು. ಪೋಪ್ ಊರಲ್ಲಿದ್ರೆ ಬುಧವಾರ ಬೆಳಗ್ಗೆ ವ್ಯಾಟಿಕನ್‌ನ ಸೇಂಟ್ ಪೀಟರ್ ಚೌಕದಲ್ಲಿ ಸಾರ್ವಜನಿಕ ದರ್ಶನ ಇರುತ್ತೆ. ಅದು ಮುಗಿಯೋವರೆಗೆ ಸೇಂಟ್ ಪೀಟರ್ ಬೆಸಿಲಿಕಾ ಒಳಗೆ ಬಿಡಲ್ಲ. ಮೊದಲು ಕೊಲೋಸಿಯಂ ಮುಗಿಸಿ. ರೈಲಲ್ಲಿ ಹೋದ್ರೆ ಓಸ್ತಿಯೆನ್ಸೆಲಿ ಇಳಿದು, ಪಕ್ಕದ ಪಿರಾಮಿಡೆ ಮೆಟ್ರೊದಿಂದ ಬಿ ಲೈನ್‌ನಲ್ಲಿ ಎರಡನೇ ಸ್ಟಾಪ್. ಅಲ್ಲಿಂದ ತೆರ್ಮಿನಿಗೆ ಬಂದು ಎ ಲೈನ್‌ಗೆ ಬದಲಾಯಿಸಿ ಒತ್ತವಿಯಾನೊದಲ್ಲಿ ಇಳಿದು ಹತ್ತು ನಿಮಿಷ ನಡಿಗೆ. ಒಂದೂವರೆಗೆ ಚೌಕ ತಲುಪಿದ್ರೂ ತಪಾಸಣೆ ಸಾಲಿಗೆ ಮುಕ್ಕಾಲು ಗಂಟೆ ಇಟ್ಕೊಳಿ. ನೋಡಿ ಮುಗಿಸಿ ಅಲ್ಲೇ ಪಕ್ಕದ ಸಾನ್ ಪಿಯೆತ್ರೊದಲ್ಲಿ ವಾಪಸ್ ರೈಲು. ವ್ಯಾಟಿಕನ್ ಮ್ಯೂಸಿಯಂ ಈ ಸಲ ಬಿಟ್ಟುಬಿಡಿ, ಅದಕ್ಕೇ ಮೂರು ಗಂಟೆ ಬೇಕು.

ಸುಮತ್ತೆ
ಬೆಸಿಲಿಕಾ ಒಳಗೆ ಹೋಗೋಕೆ ಭುಜ, ಮಂಡಿ ಮುಚ್ಚಿರಬೇಕು. ಗೀತಾ ಸೀರೆ ಉಟ್ರೆ ಆಯ್ತು, ರಮೇಶ ಚಡ್ಡಿ ಹಾಕಬೇಡ. ಕೊಲೋಸಿಯಂ ಟಿಕೆಟ್ 30 ದಿನ ಮುಂಚೆ ಬಿಡ್ತಾರೆ, ಹೆಸರು ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಇರಬೇಕು. ಪಾಸ್‌ಪೋರ್ಟ್ ಹಡಗಿನವರು ಇಟ್ಕೊಂಡಿದ್ರೆ ರಿಸೆಪ್ಷನ್‌ನಲ್ಲಿ ಹಿಂದಿನ ರಾತ್ರಿನೇ ಕೇಳಿ.

ಗೀತಾ ಚಿಕ್ಕಮ್ಮ
ನಾನು ಹಡಗಿನ ಬಸ್‌ನಲ್ಲೇ ಹೋಗೋದು. ಇವರು ಬೇಕಾದ್ರೆ ರೈಲಲ್ಲಿ ಬರಲಿ.

ರಮೇಶ್ ಚಿಕ್ಕಪ್ಪ
ಬೇಡ ಬೇಡ, ಇಬ್ಬರೂ ಬಸ್ಸೇ. ಕೊಲೋಸಿಯಂಗೆ ಎಷ್ಟು ಗಂಟೆ ಸ್ಲಾಟ್ ತಗೊಳ್ಳಲಿ?

ಪ್ರಶಾಂತ್ ಅಣ್ಣ
11ಕ್ಕಿಂತ ಮುಂಚೆ ಬೇಡ ಚಿಕ್ಕಪ್ಪ. ಹಡಗು 7ಕ್ಕೆ ಕಟ್ಟಿದ್ರೂ ಬಂದರಿನವರು ಕ್ಲಿಯರೆನ್ಸ್ ಕೊಡೋವರೆಗೆ ಯಾರನ್ನೂ ಇಳಿಸಲ್ಲ.