ಘಾಟಿ ಇಳಿದು ನಿಂತ ಮೇಲೆ ಬ್ರೇಕ್ ಪೆಡಲ್ ನೆಲ ಮುಟ್ಟಿತು, ಎಲ್ಲಿಂದ ಹುಡುಕಲಿ?

ಕಾಫಿತೋಟದ_ದಾರಿ:

ಎಲ್ಲರಿಗೂ ನಮಸ್ಕಾರ. ಈ ವರ್ಷ ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೇನೆ. 2014ರ ಡೀಸೆಲ್ ಹ್ಯಾಚ್‌ಬ್ಯಾಕ್, ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. 92,000 ಕಿಮೀ ಓಡಿದೆ. ಮಾರಿದವರು ಕೊಟ್ಟ ಬಿಲ್‌ಗಳಲ್ಲಿ ಇಂಜಿನ್ ಆಯಿಲ್, ಫಿಲ್ಟರ್, ಟೈರು ಎಲ್ಲ ಇದೆ, ಬ್ರೇಕ್ ಆಯಿಲ್ ಬದಲಿಸಿದ್ದು ಎಲ್ಲೂ ಇಲ್ಲ.

ಮೊದಲಿಂದಲೂ ಪೆಡಲ್ ಸ್ವಲ್ಪ ಕೆಳಗೆ ಹೋಗಿ ಹಿಡಿಯುತ್ತಿತ್ತು. ತಕ್ಷಣ ಎರಡನೇ ಸಲ ಒತ್ತಿದರೆ ಮೇಲೆಯೇ ಸಿಗುತ್ತಿತ್ತು. ಹಳೇ ಕಾರು, ಹೀಗೇ ಇರಬೇಕು ಅಂತ ಬಿಟ್ಟಿದ್ದೆ. ಹೋದ ವಾರ ಮೂಡಿಗೆರೆಯಿಂದ ಉಜಿರೆಗೆ ಹೋಗುವಾಗ ಚಾರ್ಮಾಡಿ ಇಳಿದೆವು. ನಾಲ್ಕು ಜನ, ಡಿಕ್ಕಿ ತುಂಬ ಲಗೇಜು, ಮುಂದೆ ನಿಧಾನವಾಗಿ ಹೋಗುವ ಟ್ಯಾಂಕರ್, ಹಾಗಾಗಿ ಕಾಲು ಬ್ರೇಕ್ ಮೇಲೆಯೇ ಇತ್ತು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಪೆಡಲ್ ಗಟ್ಟಿಯಾಗಿಯೇ ಇತ್ತು, ಆದರೆ ಎಷ್ಟು ಒತ್ತಿದರೂ ಗಾಡಿ ಮೊದಲಿನಂತೆ ನಿಲ್ಲುತ್ತಿರಲಿಲ್ಲ. ಹೇಗೋ ಕೆಳಗೆ ಬಂದು ಒಂದು ಹೋಟೆಲ್ ಮುಂದೆ ನಿಲ್ಲಿಸಿ ಟೀ ಕುಡಿದು ಹೊರಟರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು! ಪಂಪ್ ಮಾಡಿದ ಮೇಲೆ ಅರ್ಧ ಬಂತು. ಗಾಡಿ ಪೂರ್ತಿ ತಣ್ಣಗಾದ ಮೇಲೆ ಮತ್ತೆ ಹಳೇ ತರವೇ.

ಒಂದು ಗ್ಯಾರೇಜಲ್ಲಿ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹೋಗಿದೆ ಅಂದರು. ಇನ್ನೊಂದು ಕಡೆ ಹೊಸ ಪ್ಯಾಡ್ ಹಾಕಿದರೆ ಸಾಕು ಅಂದರು. ಚಕ್ರದ ಸಂದಿಯಿಂದ ನೋಡಿದರೆ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇದೆ. ಬಾಟಲಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ಸರಿ ಇದೆ, ಬಣ್ಣ ಮಾತ್ರ ಕಪ್ಪಾಗಿದೆ. ಯಾರ ಮಾತು ನಂಬಲಿ? ಮನೆಯವರೆಲ್ಲ ಕೂರುವ ಗಾಡಿ, ಭಯ ಆಗಿದೆ.

ಹಳೇ_ಸ್ಪ್ಯಾನರ್:

ಮೊದಲು ಗಾಡಿ ನಿಲ್ಲಿಸಿ. ಸರಿಯಾಗುವ ತನಕ ಘಾಟಿ ಬೇಡ, ಹೈವೇನೂ ಬೇಡ.

ನೀವು ಬರೆದಿದ್ದರಲ್ಲಿ ಎರಡು ಬೇರೆ ಬೇರೆ ಫೇಡ್ (ಬಿಸಿಗೆ ಬ್ರೇಕ್ ಕೈಕೊಡುವುದು) ಇವೆ, ಅದನ್ನು ನೀವೇ ಚೆನ್ನಾಗಿ ಗಮನಿಸಿದ್ದೀರಿ. ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ ಅರ್ಥ. ವಾಸನೆ ಅದರದ್ದೇ. ಪೆಡಲ್ ನೆಲಕ್ಕೆ ಹೋಯಿತು ಅಂದರೆ ಆಯಿಲ್ ಕುದಿದಿದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕ್ಯಾಲಿಪರ್ (ಪಿಸ್ಟನ್‌ನಿಂದ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಒಳಗೆ ಆವಿಯ ಗುಳ್ಳೆ ಎದ್ದರೆ ನೀವು ಒತ್ತಿದ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ, ಪಿಸ್ಟನ್‌ಗೆ ಏನೂ ಉಳಿಯುವುದಿಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವ ಆಗುತ್ತದೆ, ಪೆಡಲ್ ವಾಪಸ್ ಬರುತ್ತದೆ. ಗ್ಯಾರೇಜ್‌ಗೆ ಹೋಗುವಷ್ಟರಲ್ಲಿ ಎಲ್ಲ ಸರಿ ಇರುವ ಹಾಗೆ ಕಾಣುವುದು ಇದಕ್ಕೇ.

ಓಡುವಾಗ ಆಗದೆ ನಿಲ್ಲಿಸಿದ ಮೇಲೆ ಯಾಕಾಯಿತು ಅಂತ ಅನ್ನಿಸಿರಬಹುದು. ಓಡುತ್ತಿದ್ದಾಗ ಗಾಳಿ ತಗಲಿ ಡಿಸ್ಕ್ ಅಷ್ಟಿಷ್ಟು ತಣಿಯುತ್ತಿರುತ್ತದೆ. ನಿಂತ ಕೂಡಲೇ ಗಾಳಿ ಇಲ್ಲ. ಡಿಸ್ಕು ಮತ್ತು ಪ್ಯಾಡಿನ ಬಿಸಿ ನಿಧಾನಕ್ಕೆ ಕ್ಯಾಲಿಪರ್‌ಗೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ. ಟೀ ಕುಡಿಯುವ ಹೊತ್ತು ಅದಕ್ಕೆ ಧಾರಾಳ ಸಾಕು. ಕೆಳಗೆ ಬಂದ ಮೇಲೆ ಬ್ರೇಕ್ ಹಿಡಿಯುತ್ತಿದ್ದರೆ ತಕ್ಷಣ ನಿಲ್ಲಿಸದೆ ಕಕ್ಕಿಂಜೆ, ಮುಂಡಾಜೆ ಕಡೆಯ ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಮುಟ್ಟದೆ ಎರಡು ಮೂರು ಕಿಮೀ ನಿಧಾನವಾಗಿ ಓಡಿಸಬೇಕು. ಬಿಸಿ ಡಿಸ್ಕ್ ಮೇಲೆ ನೀರು ಮಾತ್ರ ಹಾಕಬೇಡಿ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಅಂಶ ಹೀರುತ್ತದೆ. ಡಾಟ್ 3, ಡಾಟ್ 4 ಅಂದರೆ ಬ್ರೇಕ್ ಆಯಿಲ್‌ನ ದರ್ಜೆಗಳು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು. 3.7 ಶೇಕಡಾ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ನಮ್ಮ ಮಲೆನಾಡಿನ ಮಳೆ, ಕರಾವಳಿಯ ಸೆಖೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ನಿಮ್ಮದು ಬದಲಾದ ದಾಖಲೆಯೇ ಇಲ್ಲ! ಬಣ್ಣ ನೋಡಿ ಎಷ್ಟು ನೀರಿದೆ ಅಂತ ಹೇಳಲಾಗದು, ತಿಳಿ ಬಣ್ಣದ ಆಯಿಲ್‌ನಲ್ಲೂ ನೀರಿರಬಹುದು. ಆದರೆ ಕಪ್ಪಾಗಿದ್ದರೆ ಟೆಸ್ಟ್ ಮಾಡುತ್ತ ಕೂರುವುದೂ ಬೇಡ, ಸುಮ್ನೆ ಬದಲಿಸಿ.

ಹಾಸನ_ಡೀಸೆಲ್:

ಮೇಲಿನವರು ಹೇಳಿದ್ದು ಸರಿ. ಆದರೆ ತಣ್ಣಗಿದ್ದಾಗಲೂ ಮೊದಲ ಸಲ ಪೆಡಲ್ ಕೆಳಗೆ ಹೋಗುತ್ತದೆ ಅಂದಿರಿ ಅಲ್ವಾ, ಅದಕ್ಕೆ ಕುದಿಯುವ ಆಯಿಲ್ ಕಾರಣ ಅಲ್ಲ. ಅದನ್ನು ಬಿಟ್ಟು ಬರೀ ಆಯಿಲ್ ಬದಲಿಸಿದರೆ ಇನ್ನೊಂದು ಸಲ ಇದೇ ಕಥೆ.

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ಪೆಡಲ್ ಒತ್ತಿ ಎಲ್ಲಿ ಹಿಡಿಯುತ್ತದೆ ನೋಡಿಕೊಳ್ಳಿ. ಈಗ ಹ್ಯಾಂಡ್ ಬ್ರೇಕ್ ಎಳೆದು ಮತ್ತೆ ಒತ್ತಿ. ಪೆಡಲ್ ಚೆನ್ನಾಗಿ ಮೇಲೆ ಬಂದರೆ ಹಿಂದಿನ ಡ್ರಮ್‌ನಲ್ಲಿ ಶೂ (ಡ್ರಮ್‌ಗೆ ಒಳಗಿಂದ ಒತ್ತಿ ಹಿಡಿಯುವ ಭಾಗ) ಮತ್ತು ಡ್ರಮ್ ನಡುವೆ ಸಂದು ಜಾಸ್ತಿ ಇದೆ. ಹ್ಯಾಂಡ್ ಬ್ರೇಕ್ ಆ ಶೂಗಳನ್ನು ಮೊದಲೇ ಹತ್ತಿರ ತಂದಿಡುತ್ತದೆ, ಅದಕ್ಕೇ ಪೆಡಲ್ ಮೇಲೆ ಬರುವುದು. ಹಳೇ ಗಾಡಿಗಳಲ್ಲಿ ಶೂ ಸವೆದ ಹಾಗೆ ತಾನಾಗಿ ತಿರುಗಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿರುತ್ತದೆ. ಡ್ರಮ್ ಬಿಚ್ಚಿ ನೋಡುವುದು ಯಾರಿಗೂ ಬೇಡ, ಮುಂದಿನ ಪ್ಯಾಡ್ ನೋಡಿ ಎಲ್ಲ ಸರಿ ಇದೆ ಅಂತ ಕಳಿಸುತ್ತಾರೆ. ಈ ಅಭ್ಯಾಸ ನೋಡಿದರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ಮಾಸ್ಟರ್ ಸಿಲಿಂಡರ್‌ಗೆ ದುಡ್ಡು ಹಾಕುವ ಮೊದಲು ಇಂಜಿನ್ ಆನ್ ಮಾಡಿ, ಸಿಗ್ನಲ್‌ನಲ್ಲಿ ನಿಂತಾಗ ಒತ್ತುವಷ್ಟೇ ಮೆಲ್ಲಗೆ ಪೆಡಲ್ ಒತ್ತಿ ಒಂದು ನಿಮಿಷ ಹಿಡಿಯಿರಿ. ಹೊರಗೆಲ್ಲೂ ಸೋರಿಕೆ ಇಲ್ಲದೆ ಪೆಡಲ್ ನಿಧಾನವಾಗಿ ಕುಸಿಯುತ್ತ ಹೋದರೆ ಒಳಗಿನ ಸೀಲ್ ಹೋಗಿದೆ. ನಿಂತಲ್ಲೇ ನಿಂತರೆ ಮಾಸ್ಟರ್ ಸಿಲಿಂಡರ್ ಮೇಲೆ ಸಂಶಯ ಬೇಡ.

ಇನ್ನೊಂದು. ಒತ್ತಿದಾಗ ಕೆಳಗೆ ಹೋದರೂ ಕೊನೆಗೆ ಗಟ್ಟಿಯಾಗಿ ನಿಂತರೆ ಅದು ಸಂದಿನ ಸಮಸ್ಯೆ. ಸ್ಪ್ರಿಂಗ್ ತರ ಮೆತ್ತಗೆ ಹೋಗುತ್ತಲೇ ಇದ್ದರೆ ಲೈನ್‌ನಲ್ಲಿ ಗಾಳಿ, ಇಲ್ಲವೇ ರಬ್ಬರ್ ಹೋಸ್ ಉಬ್ಬುತ್ತಿದೆ. ವೀಲ್ ಬೇರಿಂಗ್ ಸಡಿಲ ಇದ್ದರೂ ಮೊದಲ ಒತ್ತು ಕೆಳಗೆ ಹೋಗುತ್ತದೆ, ಅಲ್ಲಾಡುವ ಡಿಸ್ಕ್ ಪ್ಯಾಡನ್ನು ಹಿಂದಕ್ಕೆ ತಳ್ಳಿರುತ್ತದೆ. ಜಾಕ್ ಹಾಕಿದಾಗ ಚಕ್ರ ಅಲ್ಲಾಡಿಸಿ ನೋಡಿ.

ಆಗುಂಬೆ_ತಿರುವು:

ಇಳಿಯುವಾಗ ಯಾವ ಗೇರ್‌ನಲ್ಲಿದ್ದಿರಿ?

ಕಾಫಿತೋಟದ_ದಾರಿ:

ಜಾಸ್ತಿ ಮೂರನೇ ಗೇರ್. ಕೆಲವು ಕಡೆ ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್. ಈ ಭಾನುವಾರ ಪರಿಚಯದವರ ಶೆಡ್‌ನಲ್ಲಿ ಡ್ರಮ್ ಬಿಚ್ಚಿಸುತ್ತೇನೆ.

ಆಗುಂಬೆ_ತಿರುವು:

ನ್ಯೂಟ್ರಲ್ ದಯವಿಟ್ಟು ಬೇಡ. ಗೇರ್‌ನಲ್ಲಿ ಇಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಈಗಿನ ಇಂಜಿನ್‌ಗಳು ಡೀಸೆಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಿಸಲು ಉರಿಸಲೇಬೇಕು. ಹಾಗಾಗಿ ಉಳಿತಾಯ ಗೇರ್‌ನಲ್ಲೇ ಇದೆ. ಇಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಅವರಿಗೆ ಎರಡು ಮೂರು ಸಲ ಒತ್ತಿದ ಮೇಲೆ ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್‌ನ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಾಗುತ್ತದೆ.

ಸ್ವಲ್ಪ ಲೆಕ್ಕ ಹಾಕಿ. ಜನ, ಲಗೇಜು ಸೇರಿ 1,400 ಕೆಜಿ ಗಾಡಿ 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಮನೆಗೆ ತರಿಸುವ 20 ಲೀಟರ್ ಕ್ಯಾನಿನ ನೀರನ್ನು ಪೂರ್ತಿ ಕುದಿಬಿಂದುವಿಗೆ ತರುವಷ್ಟು. ಅದನ್ನೆಲ್ಲ ನಾಲ್ಕು ಚಕ್ರದ ಬ್ರೇಕ್ ನುಂಗಬೇಕೋ, ಇಂಜಿನ್‌ಗೂ ಪಾಲು ಕೊಡಬೇಕೋ ಅನ್ನುವುದು ನಿಮ್ಮ ಗೇರ್ ಮೇಲಿದೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ. ಚಾರ್ಮಾಡಿಯ ತಿರುವುಗಳಿಗೆ ಎರಡನೇ ಗೇರ್, ತೀರಾ ಕಡಿದಾದ ಕಡೆ ಒಂದನೇದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಆ ಹೊತ್ತಲ್ಲಿ ಡಿಸ್ಕ್ ತಣಿಯುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಕಾಫಿತೋಟದ_ದಾರಿ:

ಬಿಚ್ಚಿ ನೋಡಿದೆವು. ಹ್ಯಾಂಡ್ ಬ್ರೇಕ್ ಎಳೆದು ಒತ್ತಿದಾಗ ಪೆಡಲ್ ಎದ್ದು ಕಾಣುವಷ್ಟು ಮೇಲೆ ಬಂತು. ಮಾಸ್ಟರ್ ಸಿಲಿಂಡರ್ ಟೆಸ್ಟಲ್ಲಿ ಒಂಚೂರೂ ಕುಸಿಯಲಿಲ್ಲ. ಹಿಂದೆ ಎರಡೂ ಕಡೆ ಅಡ್ಜಸ್ಟರ್ ಜಾಮ್, ಶೂ ಡ್ರಮ್‌ಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ ಅನ್ನಬಹುದು. ಹಿಂದಿನ ಎಡಗಡೆ ವೀಲ್ ಸಿಲಿಂಡರ್‌ನ (ಡ್ರಮ್ ಒಳಗೆ ಶೂಗಳನ್ನು ತಳ್ಳುವ ಭಾಗ) ರಬ್ಬರ್ ಟೋಪಿ ಸರಿಸಿದರೆ ಒಳಗೆ ಒದ್ದೆ. ಮುಂದಿನ ಬಲ ಚಕ್ರದಲ್ಲಿ ಹೊರಗಿನ ಪ್ಯಾಡ್ ದಪ್ಪ ಇದೆ, ಒಳಗಿನದು ಕಬ್ಬಿಣ ಮುಟ್ಟಲು ಸ್ವಲ್ಪವೇ ಬಾಕಿ. ಸಂದಿಯಿಂದ ಕಾಣುತ್ತಿದ್ದದ್ದು ಹೊರಗಿನದು ಮಾತ್ರ. ಡಿಸ್ಕ್ ಮೇಲೆ ನೀಲಿ ಕಲೆಗಳು. ಕ್ಯಾಲಿಪರ್ ಜಾರಲು ಇರುವ ಪಿನ್ ಕೈಯಲ್ಲಿ ಅಲ್ಲಾಡಲಿಲ್ಲ, ಸುತ್ತಿಗೆಯಲ್ಲಿ ತಟ್ಟಿ ತೆಗೆಯಬೇಕಾಯಿತು. ಪ್ಯಾಡ್ ತುದಿ ಕನ್ನಡಿ ತರ ಹೊಳೆಯುತ್ತಿದೆ.

ಹಳೇ_ಸ್ಪ್ಯಾನರ್:

ಹಾಗಾದರೆ ಎಲ್ಲ ಒಂದೇ ಸರಪಳಿ. ಹಿಂದಿನ ಬ್ರೇಕ್ ಕೆಲಸ ಮಾಡುತ್ತಿರಲಿಲ್ಲ, ಭಾರವೆಲ್ಲ ಮುಂದಿನದಕ್ಕೆ ಬಿತ್ತು. ಮುಂದೆಯೂ ಬಲಗಡೆ ಪಿನ್ ಹಿಡಿದುಕೊಂಡು ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜುತ್ತಿತ್ತು. ಆ ಬಿಸಿಗೆ ನೀರು ಕುಡಿದ ಆಯಿಲ್ ಕುದಿಯಿತು. ಮಾಸ್ಟರ್ ಸಿಲಿಂಡರ್ ಒಂದೇ ಬದಲಿಸಿದ್ದರೆ ಇದರಲ್ಲಿ ಒಂದೂ ಸರಿಯಾಗುತ್ತಿರಲಿಲ್ಲ.

ಪ್ಯಾಡ್ ಎರಡೂ ಕಡೆ ಹೊಸದು ಹಾಕಿ. ಡಿಸ್ಕ್ ದಪ್ಪ ಅಳೆಸಿ, ಅದರ ಮೇಲೆಯೇ ಕನಿಷ್ಠ ದಪ್ಪ ಕೆತ್ತಿರುತ್ತಾರೆ. ಪಿನ್‌ಗೆ ಬ್ರೇಕ್‌ಗೇ ಅಂತ ಸಿಗುವ ಸಿಲಿಕೋನ್ ಗ್ರೀಸ್ ಮಾತ್ರ. ಮಾಮೂಲಿ ಚಾಸಿಸ್ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಮತ್ತೆ ಹಿಡಿಯುತ್ತದೆ. ವೀಲ್ ಸಿಲಿಂಡರ್ ಎರಡೂ ಬದಲಿಸಿ, ಒಂದು ಸೋರಿದರೆ ಇನ್ನೊಂದು ಹಿಂದೆಯೇ ಬರುತ್ತದೆ. ಆಯಿಲ್ ತಾಗಿದ ಶೂ ತೊಳೆದು ಹಾಕುತ್ತೇವೆ ಅಂದರೆ ಒಪ್ಪಬೇಡಿ.

ಬ್ಲೀಡ್ ಮಾಡುವಾಗ (ಲೈನ್‌ನಿಂದ ಹಳೇ ಆಯಿಲ್, ಗಾಳಿ ಹೊರಗೆ ತೆಗೆಯುವಾಗ) ಪೆಡಲ್ ಕೆಳಗೆ ಒಂದು ಮರದ ತುಂಡು ಇಡಲು ಹೇಳಿ. ಹಳೇ ಮಾಸ್ಟರ್ ಸಿಲಿಂಡರ್‌ನಲ್ಲಿ ಸೀಲ್ ದಿನಾ ಓಡಾಡದ ಕೊನೆಯ ಭಾಗದಲ್ಲಿ ತುಕ್ಕು, ಕೊಳೆ ಇರುತ್ತದೆ. ಪೆಡಲನ್ನು ನೆಲದ ತನಕ ಒತ್ತಿ ಒತ್ತಿ ಬ್ಲೀಡ್ ಮಾಡಿದರೆ ಚೆನ್ನಾಗಿರುವ ಸೀಲ್ ಅಲ್ಲಿ ಹರಿಯುತ್ತದೆ. ಯಾವ ಚಕ್ರ ಮೊದಲು ಅನ್ನುವುದು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿದ್ದ ಹಾಗೆ. ಆಯಿಲ್ ಸೀಲ್ ಒಡೆಯದ ಡಬ್ಬಿಯಿಂದಲೇ ಹಾಕಿಸಿ, ಅರ್ಧ ಉಳಿದ ಹಳೇ ಬಾಟಲಿ ಬೇಡ. ಮುಚ್ಚಳದ ಮೇಲೆ ಡಾಟ್ 3 ಅಂತಿದ್ದರೂ ಡಾಟ್ 4 ಹಾಕಬಹುದು. ಡಾಟ್ 5 ಬೇಡ, ಅದು ಸಿಲಿಕೋನ್, ಇದರ ಜೊತೆ ಬೆರೆಯುವುದಿಲ್ಲ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ಎದ್ದುಬಿಡುತ್ತದೆ.

ಹಾಸನ_ಡೀಸೆಲ್:

ಇಷ್ಟೆಲ್ಲ ಮಾಡಿದ ಮೇಲೂ ಪೆಡಲ್ ಸ್ಪ್ರಿಂಗ್ ತರ ಇದ್ದರೆ ಮುಂದಿನ ಎರಡು ರಬ್ಬರ್ ಹೋಸ್ ನೋಡಿ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಹೋಸ್ ಮೇಲೆ ಬೆರಳಿಟ್ಟುಕೊಳ್ಳಲಿ. ಉಬ್ಬುವುದು ಕೈಗೆ ಗೊತ್ತಾದರೆ ಬದಲಿಸಿ, ಬಿರುಕು ಬಿಟ್ಟಿದ್ದರೂ ಅಷ್ಟೇ. ಹೊಸ ಆಯಿಲ್ ಹಾಕಿದ ದಿನ ಬಾಟಲಿಯ ಹೊರಗೆ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಪ್ಯಾಡ್ ಸವೆದ ಹಾಗೆ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವುದು ಸಹಜ. ಒಂದೆರಡು ವಾರದಲ್ಲೇ ಗೆರೆಯಿಂದ ಕೆಳಗೆ ಹೋದರೆ ಸೋರಿಕೆ ಇದೆ, ಮೇಲಿಂದ ತುಂಬಿಸಿಕೊಂಡು ಓಡಿಸದೆ ಎಲ್ಲಿ ಅಂತ ಹುಡುಕಿಸಿ.