ಪದಚರ್ಚೆ: ‘ಫೈರ್ ಡೋರ್’, ‘ಫೈರ್ ರೆಸಿಸ್ಟೆಂಟ್’ – ಕನ್ನಡದಲ್ಲಿ ಹೇಗೆ?

ಪ್ರಶ್ನೆ:

ಮಾನ್ಯರೇ, ಬಹುಮಹಡಿ ಕಟ್ಟಡವೊಂದರ ಬಾಡಿಗೆ ಕರಾರನ್ನೂ ಅದರ ಮೆಟ್ಟಿಲ ಬಳಿ ಹಾಕುವ ಫಲಕಗಳ ಬರಹವನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ‘ಫೈರ್ ಡೋರ್’ ಎಂಬುದಕ್ಕೆ ‘ಅಗ್ನಿ ದ್ವಾರ’ ಎಂದೂ ‘ಫೈರ್ ರೆಸಿಸ್ಟೆಂಟ್’ ಎಂಬುದಕ್ಕೆ ‘ಅಗ್ನಿನಿರೋಧಕ’ ಎಂದೂ ಬರೆದಿದ್ದೇನೆ. ಮೂಲದಲ್ಲಿ ‘ಫೈರ್‌ಪ್ರೂಫ್’ ಎಂಬುದು ಬೇರೆಯಾಗಿ ಬಂದಿದೆ. ಅದಕ್ಕೂ ನನಗೆ ಹೊಳೆಯುತ್ತಿರುವುದು ‘ಅಗ್ನಿನಿರೋಧಕ’ವೇ. ‘ಬಿಲ್ಡಿಂಗ್ ರೆಗ್ಯುಲೇಷನ್ಸ್’ ಎಂಬುದಕ್ಕೆ ‘ಕಟ್ಟಡ ನಿಯಮಗಳು’ ಎಂದರೆ ಸಾಕೇ? ದಯವಿಟ್ಟು ತಿಳಿಸಿ.

ಮರುನುಡಿ 1:

ಸಂಸ್ಕೃತದ ಹಂಗು ಬೇಡ. ‘ಉರಿಗಾಪು ಬಾಗಿಲು’ ಎನ್ನಿ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಮರುನುಡಿ 2:

ಚರ್ಚಿಸುವಂಥದ್ದು ಬಹಳ ಇದೆ. ‘ಉರಿಗಾಪು’ ಎಂಬಲ್ಲಿ ವಿಗ್ರಹವಾಕ್ಯ ಯಾವುದು? ಉರಿಯಿಂದ ಕಾಪೋ, ಉರಿಗೆ ಕಾಪೋ? ‘ಮನೆಗಾವಲು’ ಮನೆಯನ್ನು ಕಾಯುವುದಾದರೆ ‘ಉರಿಗಾಪು’ ಉರಿಯನ್ನೇ ಆರದಂತೆ ಕಾಯಬೇಕಾಗುತ್ತದೆ. ಅಚ್ಚಗನ್ನಡವೆಂಬ ಒಂದೇ ಕಾರಣಕ್ಕೆ ಇಂಥ ಪದವನ್ನು ಕರಾರಿನೊಳಗೆ ಸೇರಿಸಲಾಗದು.

‘ಅಗ್ನಿ ದ್ವಾರ’ವನ್ನೂ ದಯವಿಟ್ಟು ಹೊಡೆದುಹಾಕಿ. ಅದೇ ಬರಹವಿದ್ದ ಒಂದು ಬಾಗಿಲನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ನೆತ್ತಿಯಲ್ಲಿ ತಾನಾಗಿ ಮುಚ್ಚಿಸುವ ಕಬ್ಬಿಣದ ತೋಳು ಇತ್ತು, ಚೌಕಟ್ಟಿನ ಸುತ್ತ ಕಾವು ತಗುಲಿದರೆ ಉಬ್ಬಿ ಸಂದು ಮುಚ್ಚುವ ಪಟ್ಟಿ ಇತ್ತು, ಕೆಳಗೆ ಮಾತ್ರ ಒಂದು ಇಟ್ಟಿಗೆಯನ್ನು ಒತ್ತುಕೊಟ್ಟು ಬಾಗಿಲನ್ನು ಹಾರುಹೊಡೆದು ಇಟ್ಟಿದ್ದರು. ಕೇಳಿದರೆ, ಬೆಂಕಿ ಬಿದ್ದಾಗ ಓಡುವ ಬಾಗಿಲಲ್ಲವೇ, ತೆರೆದಿರಬೇಡವೇ ಎಂದರು. ಅವರ ತಪ್ಪೇನೂ ಇರಲಿಲ್ಲ. ಆ ಹೆಸರನ್ನು ಓದಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಆದರೆ ಆ ಬಾಗಿಲಿನ ಕೆಲಸ ಹೊಗೆಯನ್ನೂ ಜ್ವಾಲೆಯನ್ನೂ ಮೆಟ್ಟಿಲ ಕಡೆಗೆ ಬಿಡದಿರುವುದು, ಮುಚ್ಚಿದ್ದರೆ ಮಾತ್ರ ಅದು ಆ ಕೆಲಸ ಮಾಡುತ್ತದೆ. ಆದ್ದರಿಂದ ಹೆಸರಿನಲ್ಲೇ ತಡೆಯುವ ಅರ್ಥ ಇರಬೇಕು. ‘ತಡೆಗೋಡೆ’ ನಮ್ಮಲ್ಲಿ ಬಳಕೆಯಲ್ಲಿರುವ ಮಾತು. ಅದೇ ಜಾಡಿನಲ್ಲಿ ‘ಬೆಂಕಿತಡೆ ಬಾಗಿಲು’ ಎಂದರೆ ಮಗುವಿಗೂ ತಿಳಿಯುತ್ತದೆ.

ಇನ್ನು ‘ಅಗ್ನಿನಿರೋಧಕ’. ಇದು ಸಂಸ್ಕೃತ, ಕನ್ನಡ ಪದಗಳು ಬೆರೆತ ಅರಿಸಮಾಸವಲ್ಲ, ವ್ಯಾಕರಣಕ್ಕೆ ವಿರುದ್ಧವೂ ಅಲ್ಲ. ನನ್ನ ತಕರಾರು ಅರ್ಥದ್ದು. ‘ಜಲನಿರೋಧಕ’ ಎಂದರೆ ನೀರು ಒಳಗೆ ಇಳಿಯುವುದೇ ಇಲ್ಲ ಎಂದು ನಾವು ತಿಳಿಯುತ್ತೇವೆ. ಅದೇ ರೂಢಿಯಲ್ಲಿ ‘ಅಗ್ನಿನಿರೋಧಕ ಬಾಗಿಲು’ ಎಂದು ಕರಾರಿನಲ್ಲಿ ಬರೆದರೆ ಬೆಂಕಿ ಅದನ್ನು ಎಂದೂ ದಾಟದು ಎಂದು ಮಾಲೀಕನು ಮಾತು ಕೊಟ್ಟಂತಾಗುತ್ತದೆ. ‘ಫೈರ್ ರೆಸಿಸ್ಟೆನ್ಸ್’ ಎಂಬುದಾದರೋ ಕಾಲದ ಅಳತೆ. ಬಾಗಿಲನ್ನು ಚೌಕಟ್ಟಿನ ಸಮೇತ ಕುಲುಮೆಗೆ ಒಡ್ಡಿ, ನಿಗದಿತ ಕ್ರಮದಲ್ಲಿ ಕಾವನ್ನು ಏರಿಸುತ್ತಾ ಹೋಗುತ್ತಾರೆ. ಐಎಸ್‌ಒ 834 ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮದಲ್ಲಿ ಒಂದು ಗಂಟೆಯ ಹೊತ್ತಿಗೆ ಕುಲುಮೆಯ ಉಷ್ಣತೆ ಸುಮಾರು 945 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಜ್ವಾಲೆ ಸಂದಿನಿಂದ ಆಚೆಗೆ ಚಾಚುವವರೆಗೆ ಎಷ್ಟು ನಿಮಿಷ ಕಳೆಯಿತು, ಶಾಖವನ್ನೂ ಅಳೆಯುವಲ್ಲಿ ಆಚೆ ಬದಿಯ ಸರಾಸರಿ ಉಷ್ಣತೆ 140 ಡಿಗ್ರಿಗಿಂತ ಹೆಚ್ಚು ಏರಲು ಎಷ್ಟು ನಿಮಿಷ ಹಿಡಿಯಿತು ಎಂಬುದೇ ಲೆಕ್ಕ. 30, 60, 120 ಎಂದು ಬಾಗಿಲಿನ ಮೇಲೆ ಕಾಣುವ ಅಂಕಿ ಆ ನಿಮಿಷಗಳು. ಅಷ್ಟು ಹೊತ್ತಿನಲ್ಲಿ ಜನ ಕೆಳಗಿಳಿಯಬೇಕು. ಆಮೇಲೆ ಬಾಗಿಲು ಸೋಲಬಹುದು, ಸೋತರೂ ಅದು ದೋಷಯುಕ್ತ ಬಾಗಿಲಾಗುವುದಿಲ್ಲ.

ಈ ಅರ್ಥಕ್ಕೆ ನಮ್ಮಲ್ಲೇ ಒಂದು ಧಾತು ಇರುವಾಗ ಅದನ್ನು ಏಕೆ ಬಿಡಬೇಕು? ‘ತಾಳು’ ಎಂದರೆ ಸಹಿಸು, ಎದುರಿಸಿ ನಿಲ್ಲು, ಸ್ವಲ್ಪ ಹೊತ್ತು ಕಾಯು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ಸಹನೆಯೂ ಕಾಲವೂ ಒಟ್ಟಿಗೆ ಇವೆ. ಬಾಳುವುದರಿಂದ ‘ಬಾಳಿಕೆ’ ಆದಂತೆ ತಾಳುವುದರಿಂದ ‘ತಾಳಿಕೆ’. ‘ಬೆಂಕಿತಾಳಿಕೆ’ ಎಂದರೆ ಬೆಂಕಿಯೇ ತಾಳುವುದೆಂದು ಮೇಲಿನ ಮಹನೀಯರು ನನ್ನದೇ ವಾದವನ್ನು ನನಗೆ ತಿರುಗಿಸಬಹುದು, ಅದು ನ್ಯಾಯವೂ ಹೌದು. ಆದ್ದರಿಂದ ಕರಾರಿನಲ್ಲಿ ವಿಭಕ್ತಿಯನ್ನು ಬಿಡದೆ ‘ಬೆಂಕಿಗೆ ತಾಳುವ ಅವಧಿ’ ಎಂದೇ ಬರೆಯಿರಿ, ಅಂಕಿಯನ್ನು ಪಕ್ಕದಲ್ಲೇ ನಮೂದಿಸಿ. ‘ಅಗ್ನಿನಿರೋಧಕ’ವನ್ನು ‘ಫೈರ್‌ಪ್ರೂಫ್’ ಎಂಬುದಕ್ಕೆ ಉಳಿಸಿಕೊಳ್ಳಿ, ಮೂಲ ಬರೆದವರು ಆ ಮಾತನ್ನು ನಿಜಕ್ಕೂ ಉದ್ದೇಶಿಸಿದ್ದಾರೆಯೇ ಎಂದು ಒಮ್ಮೆ ಕೇಳಿ.

ನೀವು ನನ್ನನ್ನು ಕೇಳದಿದ್ದರೂ ಒಂದು ಎಚ್ಚರಿಕೆ ಹೇಳಬೇಕು. ಮೂಲದಲ್ಲಿ ‘ಇನ್‌ಫ್ಲೇಮಬಲ್’ ಎಂದು ಬಂದರೆ ಆರಂಭದ ‘ಇನ್’ ಅನ್ನು ನಿಷೇಧಾರ್ಥಕವೆಂದು ತಿಳಿದು ‘ಉರಿಯದ’ ಎಂದು ಬರೆಯಬೇಡಿ. ಅದರ ಅರ್ಥ ಸುಲಭವಾಗಿ ಹೊತ್ತಿಕೊಳ್ಳುವ ಎಂದೇ. ಈ ಗೊಂದಲದ ಭಯದಿಂದಲೇ ಇಂಗ್ಲಿಷಿನವರೂ ಎಚ್ಚರಿಕೆಯ ಫಲಕಗಳಲ್ಲಿ ‘ಫ್ಲೇಮಬಲ್’ ಎಂಬ ರೂಪವನ್ನು ಆರಿಸಿಕೊಂಡರು.

‘ರೆಗ್ಯುಲೇಷನ್ಸ್’ ಎಂಬುದಕ್ಕೆ ‘ವಿನಿಯಮಗಳು’. ಕಾನೂನಿನ ಕನ್ನಡದಲ್ಲಿ ಅಧಿನಿಯಮ, ನಿಯಮ, ವಿನಿಯಮ, ಉಪವಿಧಿ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಾರದು.

ಎರವಲು ಪದಗಳ ಬಗ್ಗೆ ಹೇಳುವುದಾದರೆ, ಕರಾರಿನ ಓದುಗನಿಗೆ ನಿಧಾನವಾಗಿ ಓದಲು ಕಾಲವಿದೆ, ಅಲ್ಲಿ ‘ವಿನಿಯಮ’ ಇರಲಿ. ಫಲಕವನ್ನು ಓದುವವನ ಕಣ್ಣಲ್ಲಿ ಹೊಗೆ ತುಂಬಿರಬಹುದು. ಅವನಿಗೆ ‘ಲಿಫ್ಟ್’ ಎಂದರೆ ಲಿಫ್ಟ್, ‘ಅಲಾರಂ’ ಎಂದರೆ ಅಲಾರಂ. ಅಲ್ಲಿ ‘ಉತ್ಥಾಪಕ’ ಎಂದು ಬರೆಯುವುದೂ ‘ಏರುಗ’ ಎಂದು ಬರೆಯುವುದೂ ನನ್ನ ಮಟ್ಟಿಗೆ ಒಂದೇ ಅಪರಾಧ.

ಫಲಕಕ್ಕೆ: ‘ಬೆಂಕಿತಡೆ ಬಾಗಿಲು. ಸದಾ ಮುಚ್ಚಿರಲಿ. ಒತ್ತು ಇಡಬೇಡಿ.’

ಕರಾರಿಗೆ: ‘ಬೆಂಕಿಗೆ 60 ನಿಮಿಷ ತಾಳುವುದೆಂದು ಪರೀಕ್ಷೆಯಲ್ಲಿ ದೃಢಪಟ್ಟ ಬೆಂಕಿತಡೆ ಬಾಗಿಲನ್ನು ಬಾಡಿಗೆದಾರನು ತೆಗೆಯತಕ್ಕದ್ದಲ್ಲ, ಬದಲಿಸತಕ್ಕದ್ದಲ್ಲ ಮತ್ತು ತೆರೆದು ನಿಲ್ಲಿಸತಕ್ಕದ್ದಲ್ಲ.’ 60ರ ಜಾಗದಲ್ಲಿ ನಿಮ್ಮ ಮೂಲದ ಅಂಕಿಯನ್ನು ನೋಡಿ ತುಂಬಿಕೊಳ್ಳಿ.